‘ಅಮ್ಮನ್ನ ಒಬ್ಬರನ್ನೇ ಬಿಟ್ಟಿದ್ದೀರಾ?’

ಇಲ್ಲ. ಬಿಟ್ಟಿಲ್ಲ.

ನನ್ನ ಉತ್ತರ ಇಷ್ಟೇ. ಆದರೆ ಇಷ್ಟಕ್ಕೆ ಯಾರೂ ಸುಮ್ಮನಾಗುವುದಿಲ್ಲ. ‘ಹಂಗಂದ್ರೆ?’ ಅನ್ನುತ್ತಾರೆ. ಆಮೇಲೆ ನಾನು ಮೊದಲಿಂದ ಎಲ್ಲ ಹೇಳಬೇಕು. ಅವರು ಕೇಳಿಸಿಕೊಂಡು, ‘ಏನೋಪ್ಪ, ವಯಸ್ಸಾದವರು, ಹುಷಾರು’ ಅಂತ ಹೆಗಲು ತಟ್ಟಿ ಹೋಗಬೇಕು. ಆರು ವರ್ಷದಿಂದ ಇದೇ ಆಗಿದೆ. ಬಾಯಲ್ಲಿ ಹೇಳಿ ಹೇಳಿ ಸಾಕಾಯಿತು. ಈಗ ಒಂದೇ ಸಲ ಬರೆದುಬಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ವಿಷಯ ಇಷ್ಟು. ಅಮ್ಮನಿಗೆ 74. ಅಪ್ಪ ಹೋಗಿ ಆರು ವರ್ಷ ಆಯಿತು. ಅಮ್ಮ ತನ್ನ ಮನೆಯಲ್ಲಿ ಒಬ್ಬಳೇ ಇದ್ದಾಳೆ. ನಾನು, ನನ್ನ ಹೆಂಡತಿ, ಮಗಳು ಇರುವುದು ಬೇರೆ ಊರಲ್ಲಿ. ಬಸ್ಸಲ್ಲಿ ಎರಡೂವರೆ ಗಂಟೆ ದಾರಿ. ನಮ್ಮ ಮನೆಯಲ್ಲಿ ಅವಳಿಗೆ ಅಂತಲೇ ಒಂದು ಕೋಣೆ ಇದೆ. ಬಂದು ಇರು ಅಂತ ಒಂದಲ್ಲ ಹತ್ತು ಸಲ ಕರೆದಿದ್ದೇವೆ. ಬರುತ್ತಾಳೆ, ಹತ್ತು ದಿನ ಇರುತ್ತಾಳೆ, ಹನ್ನೊಂದನೇ ದಿನ ಬೆಳಿಗ್ಗೆ ಬ್ಯಾಗು ಬಾಗಿಲ ಹತ್ತಿರ ಬಂದಿರುತ್ತದೆ.

ಮೊದಲು ಆ ಪ್ರಶ್ನೆಯ ಮಾತನ್ನೇ ನೋಡಿ. ‘ಬಿಟ್ಟಿದ್ದೀರಾ.’ ಬಸ್ಸಲ್ಲಿ ಛತ್ರಿ ಬಿಟ್ಟು ಬರುತ್ತೇವೆ. ಹಾಳು ಚಟ ಬಿಡುತ್ತೇವೆ. ಇದಕ್ಕೆ ಎದುರಾಗಿ ಒಳ್ಳೆಯ ಮಕ್ಕಳಿಗೆ ಬಳಸುವ ಮಾತು ಯಾವುದು ಗೊತ್ತಾ? ‘ಇಟ್ಟುಕೊಂಡಿದ್ದಾನೆ.’ ‘ಅವನನ್ನ ನೋಡು, ತಾಯಿಯನ್ನ ಜೊತೆಗೇ ಇಟ್ಟುಕೊಂಡಿದ್ದಾನೆ.’ ಇನ್ನೂ ಇವೆ. ಕರ್ಕೊಂಡು ಬರೋದು. ಕಳಿಸಿಕೊಡೋದು. ಆರು ತಿಂಗಳು ನಿನಗೆ, ಆರು ತಿಂಗಳು ನನಗೆ ಅಂತ ಹಂಚಿಕೊಳ್ಳೋದು. ಶಾಲೆಯಲ್ಲಿ ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿದ್ದೆವಲ್ಲ, ಉ, ಅನ್ನು, ಇಂದ ಅಂತ. ಈ ಎಲ್ಲ ಮಾತಲ್ಲೂ ‘ಉ’ ಮಕ್ಕಳಿಗೆ, ‘ಅನ್ನು’ ಅಮ್ಮನಿಗೆ. ಮಾಡುವವರು ನಾವು. ಅವಳು ಏನೂ ಮಾಡುವುದೇ ಇಲ್ಲ. ಎಪ್ಪತ್ನಾಲ್ಕು ವರ್ಷ ಬದುಕಿದ ಹೆಂಗಸು ತಾನೇ ಯೋಚನೆ ಮಾಡಿ ಒಂದು ತೀರ್ಮಾನಕ್ಕೆ ಬಂದಿರಬಹುದು ಅಂತ ಕೇಳುವವರಿಗೆ ಅನಿಸುವುದೇ ಇಲ್ಲ. ನನಗೆ ಸಿಟ್ಟು ಬರುವುದು ಅಲ್ಲಿ.

ನನ್ನ ಹೆಂಡತಿಯನ್ನು ಇದೇ ಪ್ರಶ್ನೆ ಬೇರೆ ಥರ ಕೇಳುತ್ತಾರೆ. ‘ಅತ್ತೆ ನಿಮ್ಮ ಜೊತೆ ಇರಲ್ವಾ?’ ಕೇಳಿ, ಅವಳ ಮುಖವನ್ನೇ ನೋಡುತ್ತಾ ನಿಲ್ಲುತ್ತಾರೆ. ಅವಳೇ ಬೇಡ ಅಂದಿರಬೇಕು ಅಂತ ಆಗಲೇ ನಿರ್ಧಾರ ಆಗಿರುತ್ತದೆ. ಅಮ್ಮನೂ ಅವಳೂ ದಿನಾ ಸಂಜೆ ಫೋನಲ್ಲಿ ಮಾತಾಡುತ್ತಾರೆ, ನಾನು ಮಾತಾಡುವುದಕ್ಕಿಂತ ಜಾಸ್ತಿ. ಅಮ್ಮನ ಬಿಪಿ ಮಾತ್ರೆ ಬದಲಾದದ್ದು ಮೊದಲು ಗೊತ್ತಾಗುವುದು ಅವಳಿಗೆ. ಅವಳನ್ನು ಹಾಗೆ ನೋಡುವವರ ಹತ್ತಿರ ನಾನು ನಯವಾಗಿ ಮಾತಾಡುವುದನ್ನು ನಿಲ್ಲಿಸಿದ್ದೇನೆ.

ಎರಡು ವರ್ಷದ ಹಿಂದೆ ಒಂದು ಮದುವೆಗೆ ಹೋಗಿದ್ದೆವು. ಊಟ ಮುಗಿಸಿ ನಾನು, ಅಮ್ಮ ಹೊರಗೆ ಬರುತ್ತಿದ್ದೆವು. ದೂರದ ನೆಂಟರೊಬ್ಬರು ಎದುರಾದರು. ಅಮ್ಮ ನನ್ನ ಪಕ್ಕದಲ್ಲೇ ಇದ್ದಳು, ನನ್ನ ಮೊಣಕೈ ಹಿಡಿದುಕೊಂಡು. ಆ ಹಿರಿಯರು ನನ್ನನ್ನು ನೋಡಿಕೊಂಡು ಕೇಳಿದರು. ‘ಈಗಲೂ ಇವರನ್ನ ಅಲ್ಲೇ ಬಿಟ್ಟಿದ್ದೀಯಾ? ರಾತ್ರಿ ಹೊತ್ತು ಏನಾದ್ರೂ ಆದ್ರೆ?’ ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ ಮೊಣಕೈ ಬಿಟ್ಟು ತನ್ನ ಪರ್ಸಿನ ಜಿಪ್ಪು ಎಳೆದಳು. ಏನೋ ಹುಡುಕಿದಳು. ಹಸಿರು ದಾರ ಕಟ್ಟಿದ ಬೀಗದ ಕೈ ಹೊರಗೆ ತೆಗೆದು ಅವರ ಮುಂದೆ ಹಿಡಿದಳು.

‘ಇದು ನನ್ನ ಮನೆ ಬೀಗದ ಕೈ’ ಅಂದಳು. ‘ನನ್ನ ಹತ್ರಾನೇ ಇರುತ್ತೆ.’

ಬೇರೆ ಏನೂ ಹೇಳಲಿಲ್ಲ. ಅವರಿಗೆ ಅರ್ಥ ಆಯಿತೋ ಇಲ್ಲವೋ ಗೊತ್ತಿಲ್ಲ. ನನಗೆ ಆಯಿತು. ಅಮ್ಮ ಹುಟ್ಟಿದ್ದು ತುಂಬಿದ ಮನೆಯಲ್ಲಿ. ಮದುವೆಯಾಗಿ ಬಂದದ್ದು ಹನ್ನೊಂದು ಜನರ ಮನೆಗೆ. ಆಗ ಅವಳಿಗೆ ಒಂದು ಕಪಾಟೂ ಇರಲಿಲ್ಲ, ಟ್ರಂಕಿನ ಅರ್ಧ ಮಾತ್ರ ಅವಳದು. ಆಮೇಲೆ ನಾವು ಬೇರೆ ಆದೆವು. ಮಕ್ಕಳು, ಅವರ ಪರೀಕ್ಷೆ, ಅಪ್ಪನ ಕಾಯಿಲೆ. ಬಾಗಿಲು ಹಾಕಿಕೊಂಡು ಹೊರಟು, ತಿರುಗಿ ಬಂದು ತಾನೇ ತೆಗೆಯುವ ಮನೆ ಅವಳಿಗೆ ಸಿಕ್ಕಿದ್ದು 68ನೇ ವಯಸ್ಸಿನಲ್ಲಿ. ಅಪ್ಪ ಇಲ್ಲ ಅನ್ನುವ ದುಃಖ ಅವಳಿಗೆ ಇಂದಿಗೂ ಇದೆ. ಆ ಮನೆಯಲ್ಲಿ ಇರುವ ಸಂತೋಷವೂ ಇದೆ. ಎರಡೂ ಒಟ್ಟಿಗೇ ಇರಬಹುದು, ಅಲ್ವಾ?

‘ಹಿಂದಿನ ಕಾಲದಲ್ಲಿ ಹೀಗಿರಲಿಲ್ಲ’ ಅನ್ನುವವರಿಗೂ ಒಂದು ಮಾತು. ಯಾವ ಕಾಲ? 1950ರ ಸುಮಾರಿಗೆ ಜಗತ್ತಿನಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯಸ್ಸು ಐವತ್ತನ್ನೂ ಮುಟ್ಟುತ್ತಿರಲಿಲ್ಲ. ಈಗ 70 ದಾಟಿದೆ. ಅಜ್ಜಿ, ಮಗ, ಮೊಮ್ಮಗಳು ಮೂವರೂ ಇಷ್ಟು ವರ್ಷ ಒಟ್ಟಿಗೆ ಬದುಕಿರುವುದೇ ಹೊಸದು. ಪೀಟರ್ ಲಾಸ್ಲೆಟ್ ಅನ್ನುವ ಕೇಂಬ್ರಿಡ್ಜ್ ಇತಿಹಾಸಕಾರರು ಇಂಗ್ಲೆಂಡಿನ ಹಳೆಯ ಊರುಗಳ ಪಟ್ಟಿಗಳನ್ನು ತೆಗೆದು ಎಣಿಸಿದರು. ಹದಿನಾರನೇ ಶತಮಾನದ ಕೊನೆಯಿಂದ ಹತ್ತೊಂಬತ್ತನೇ ಶತಮಾನದ ತನಕ ಅಲ್ಲಿ ಒಂದು ಮನೆಗೆ ಸರಾಸರಿ ಐದು ಜನವೂ ಇರಲಿಲ್ಲ, 4.75 ಅಷ್ಟೇ. ಎಲ್ಲ ಕಡೆ ಹಾಗಿತ್ತು ಅಂತ ನಾನು ಹೇಳುತ್ತಿಲ್ಲ. ನಮ್ಮ ಮನೆಯಲ್ಲೇ ಹನ್ನೊಂದು ಜನ ಇದ್ದರು ಅಂತ ಈಗಷ್ಟೇ ಹೇಳಿದೆ. ಆದರೆ ಅಲ್ಲಿ ಮುದುಕರಾಗಿ ಬಹಳ ವರ್ಷ ಬದುಕಿದವರು ಒಬ್ಬರೇ, ನಮ್ಮ ಅಜ್ಜಿ. ಅಜ್ಜಿಗೆ ಏನು ಬೇಕು ಅಂತ ಆಗ ಯಾರಾದರೂ ಕೇಳಿದ್ದು ನನಗೆ ನೆನಪಿಲ್ಲ.

ಕೇಳಿದವರು ಬೇರೆ ಕಡೆ ಇದ್ದರು. ವಿಯೆನ್ನಾದಲ್ಲಿ ರೋಸೆನ್‌ಮಾಯರ್, ಕೋಕೈಸ್ ಅನ್ನುವ ಇಬ್ಬರು ಸಮಾಜಶಾಸ್ತ್ರಜ್ಞರು ವಯಸ್ಸಾದವರ ಹತ್ತಿರ ಹೋಗಿ ವಿಚಾರಿಸಿದರು. ಮಕ್ಕಳ ಜೊತೆ ಒಂದೇ ಸೂರಿನಡಿ ಇರುವುದಕ್ಕಿಂತ ಅವರ ಹತ್ತಿರದಲ್ಲಿ ತಮ್ಮದೇ ಮನೆಯಲ್ಲಿ ಇರುವುದು ಅಲ್ಲಿನ ಬಹಳ ಜನಕ್ಕೆ ಇಷ್ಟವಾಗಿತ್ತು. 1963ರಲ್ಲಿ ಅದನ್ನು ಬರೆಯುವಾಗ ಅವರಿಬ್ಬರು ಅದಕ್ಕೆ ಒಂದು ಹೆಸರು ಕೊಟ್ಟರು. ನಾನು ಅದನ್ನು ‘ದೂರದಲ್ಲಿದ್ದೇ ಆಪ್ತರಾಗಿರೋದು’ ಅನ್ನುತ್ತೇನೆ. ಅದಕ್ಕೂ ಮುಂಚೆ, 1948ರಲ್ಲಿ, ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ ಊರಿನ ಶೆಲ್ಡನ್ ಅನ್ನುವ ಡಾಕ್ಟರು ಹತ್ತಿರ ಅಂದರೆ ಎಷ್ಟು ಹತ್ತಿರ ಅನ್ನುವುದಕ್ಕೂ ಒಂದು ಅಳತೆ ಕೊಟ್ಟಿದ್ದರು. ಒಂದು ಮನೆಯಿಂದ ಬಿಸಿ ಊಟ ಹೊತ್ತುಕೊಂಡು ಹೋದರೆ ಇನ್ನೊಂದು ಮನೆ ಮುಟ್ಟುವಾಗ ಮತ್ತೆ ಬಿಸಿ ಮಾಡಬೇಕಾಗಬಾರದು, ಅಷ್ಟು ಹತ್ತಿರ. ಜಪಾನಿನಲ್ಲೂ ‘ಸೂಪು ಆರದಷ್ಟು ದೂರ’ ಅನ್ನುವ ಮಾತಿದೆ. ಸಿಂಗಪುರದ ಸರ್ಕಾರ 2015ರಿಂದ, ಅಪ್ಪ ಅಮ್ಮನ ಹತ್ತಿರ ಮನೆ ಕೊಳ್ಳುವವರಿಗೆ ದುಡ್ಡನ್ನೇ ಕೊಡುತ್ತಿದೆ.

ಬಸ್ಸಲ್ಲಿ ಎರಡೂವರೆ ಗಂಟೆ ಅಂದರೆ ಊಟ ಆರಿಹೋಗುತ್ತದೆ. ನನಗೆ ಗೊತ್ತು. ಕೆಲಸ ಬದಲಾಯಿಸಿ ಹತ್ತಿರ ಬರುವುದಕ್ಕೆ ಎರಡು ಸಲ ನೋಡಿದೆ, ಆಗಲಿಲ್ಲ. ಇದು ನನ್ನ ಕೊರಗು. ಇದರ ಬಗ್ಗೆ ಕೇಳಿದರೆ ನಾನು ತಲೆ ತಗ್ಗಿಸಿ ಉತ್ತರ ಕೊಡುತ್ತೇನೆ. ಆದರೆ ಇದನ್ನು ಯಾರೂ ಕೇಳುವುದಿಲ್ಲ.

ನನ್ನನ್ನು ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ. ‘ಅಮ್ಮ ಬಿದ್ದಾಗ ನಿನಗೆ ಯಾಕೆ ಹೇಳಲಿಲ್ಲ?’

ಹೋದ ವರ್ಷ ಅಮ್ಮ ಬಿದ್ದಳು. ನನಗೆ ಗೊತ್ತಾಗಿದ್ದು ಮೂರು ವಾರ ಆದಮೇಲೆ, ಅದೂ ಮಗಳಿಂದ. ಅಜ್ಜಿ ಸೀರೆ ಮಡಿಸುವಾಗ ತೋಳಿನಲ್ಲಿ ಹಳದಿ ಬಣ್ಣಕ್ಕೆ ತಿರುಗಿದ ಗಾಯದ ಕಲೆ ಅವಳ ಕಣ್ಣಿಗೆ ಬಿತ್ತು. ‘ಅಜ್ಜಿ, ಇದೇನು?’ ಅಮ್ಮ ಸೆರಗು ಎಳೆದುಕೊಂಡಳು. ನಾನು ಬಿಡದೆ ಕೇಳಿದೆ. ರಾತ್ರಿ ಬಚ್ಚಲಿಗೆ ಹೋಗಲು ಎದ್ದಿದ್ದಳು. ಕಣ್ಣು ಕತ್ತಲೆ ಬಂತು. ಬಾಗಿಲಿನ ಹತ್ತಿರ ಕುಸಿದಳು. ಏಳಲು ಆಗಲಿಲ್ಲ. ಕೂತ ಕಡೆಯಿಂದಲೇ ಜರುಗಿಕೊಂಡು ಮಂಚದ ತನಕ ಬಂದಳು. ಅಷ್ಟೊತ್ತಿಗೆ ಮೂರೂವರೆ.

‘ಫೋನ್ ಎಲ್ಲಿತ್ತು?’ ಅಂದೆ.

‘ದಿಂಬಿನ ಪಕ್ಕ.’

‘ಕೈಗೆ ಸಿಗಲಿಲ್ವಾ?’

‘ಸಿಕ್ತು. ನಿನ್ನ ಹೆಸರು ತೆಗೆದೆ. ಆಮೇಲೆ ಇಟ್ಟುಬಿಟ್ಟೆ.’

ಬೆಳಕು ಹರಿಯುವ ತನಕ ಮಂಚಕ್ಕೆ ಒರಗಿ ನೆಲದ ಮೇಲೇ ಕೂತಿದ್ದಳು. ಯಾಕೆ ಅಂತ ಕೇಳಿದೆ. ನನ್ನ ನಿದ್ದೆ ಕೆಡುತ್ತೆ ಅನ್ನಬಹುದು ಅಂದುಕೊಂಡೆ. ಅವಳು ಹಾಗೆ ಹೇಳಲಿಲ್ಲ. ‘ಹೇಳಿದ್ರೆ ನೀನು ನನ್ನನ್ನ ಕರ್ಕೊಂಡು ಹೋಗಿಬಿಡ್ತೀಯ’ ಅಂದಳು.

ಆ ಮಾತು ಇನ್ನೂ ನನ್ನ ಎದೆಯಲ್ಲಿದೆ. ಪ್ರತಿ ಮದುವೆಯಲ್ಲಿ, ಪ್ರತಿ ಫೋನಿನಲ್ಲಿ ‘ಬಿಟ್ಟಿದ್ದೀಯಾ, ಏನಾದ್ರೂ ಆದ್ರೆ’ ಅಂತ ಕೇಳುವವರು ಅಮ್ಮನಿಗೂ ಕೇಳಿಸುವ ಹಾಗೆ ಕೇಳುತ್ತಾರೆ. ಒಂದು ಸಲ ಬಿದ್ದರೆ ಸಾಕು, ಬೀಗದ ಕೈ ಕೊಟ್ಟುಬಿಡಬೇಕು ಅಂತ ಅವಳು ಕಲಿತದ್ದು ಅವರಿಂದ. ನನ್ನಿಂದಲೂ. ನಾನೂ ಹೆದರಿದಾಗ ಹಾಗೇ ಅಂದಿದ್ದೇನೆ, ಇದೇ ಕೊನೆ, ಇನ್ನೊಂದು ಸಲ ಏನಾದರೂ ಆದರೆ ನೀನು ನಮ್ಮ ಜೊತೆಗೇ ಅಂತ. ನಾವೆಲ್ಲ ಸೇರಿ ಅವಳನ್ನು ಸುಳ್ಳು ಹೇಳುವ ಹಾಗೆ ಮಾಡಿದೆವು.

ಇದು ಅಮ್ಮನೊಬ್ಬಳ ಕತೆ ಅಲ್ಲ ಅಂತ ಆಮೇಲೆ ಓದಿ ತಿಳಿದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಬಿದ್ದು ಸಾಯುವವರು ವರ್ಷಕ್ಕೆ ಸುಮಾರು 6,84,000 ಜನ. ಅವರಲ್ಲಿ 60 ದಾಟಿದವರೇ ಜಾಸ್ತಿ. ಕೇಂಬ್ರಿಡ್ಜಿನಲ್ಲಿ 90 ದಾಟಿದವರ ಮೇಲೆ ಮಾಡಿದ ಒಂದು ಅಧ್ಯಯನ 2008ರಲ್ಲಿ ಬಂತು. ಒಬ್ಬರೇ ಇದ್ದಾಗ ಬಿದ್ದು ಬಹಳ ಹೊತ್ತು ನೆಲದ ಮೇಲೇ ಉಳಿದವರಲ್ಲಿ, ಸಹಾಯಕ್ಕೆ ಕರೆಯುವ ಗುಂಡಿ ಇದ್ದೂ ಅದನ್ನು ಒತ್ತದವರೇ ಹೆಚ್ಚು. ಆ ಸಾಲು ಓದಿದಾಗ ದಿಂಬಿನ ಪಕ್ಕದ ಫೋನು ಕಣ್ಣಿಗೆ ಕಟ್ಟಿತು.

ಕಾನೂನು ತಂದರೆ ಸರಿಹೋಗುತ್ತೆ ಅನ್ನುವವರೂ ಸಿಗುತ್ತಾರೆ. ಚೀನಾದಲ್ಲಿ ತಂದರು. ವಯಸ್ಸಾದ ತಂದೆ ತಾಯಿಯನ್ನು ಮಕ್ಕಳು ಆಗಾಗ ಹೋಗಿ ನೋಡಬೇಕು ಅಂತ 2013ರ ಜುಲೈ 1ರಿಂದ ಕಾನೂನು ಬಂತು. ಅದೇ ದಿನ ವೂಶಿ ಊರಿನ ಕೋರ್ಟು, 77 ವರ್ಷದ ತಾಯಿಯನ್ನು ಎರಡು ತಿಂಗಳಿಗೊಮ್ಮೆಯಾದರೂ ಹೋಗಿ ನೋಡು ಅಂತ ಒಬ್ಬ ಮಗಳಿಗೆ ಹೇಳಿತು. ಆ ತಾಯಿಯ ನೋವು ದೊಡ್ಡದೇ ಇರಬೇಕು. ಆದರೆ ಬಂದು ಕೂತ ಮಗಳ ಹತ್ತಿರ ‘ಮೊನ್ನೆ ಬಿದ್ದೆ’ ಅಂತ ಹೇಳುವ ಧೈರ್ಯವನ್ನು ಯಾವ ಕೋರ್ಟು ಕೊಡುತ್ತದೆ?

ನಾವು ಮಾಡಿದ್ದು ಹೇಳುತ್ತೇನೆ. ಮೊದಲು ಡಾಕ್ಟರ ಹತ್ತಿರ ಹೋದೆವು. ಅವರು ಒಂದು ಪರೀಕ್ಷೆ ಮಾಡಿದರು. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. 12 ಸೆಕೆಂಡು ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ಅಮ್ಮನಿಗೆ 14 ಆಯಿತು. ಮಲಗಿದವಳು ಥಟ್ಟನೆ ಎದ್ದರೆ ಬಿಪಿ ಇಳಿಯುತ್ತಿತ್ತು, ಅದಕ್ಕೆ ಮಾತ್ರೆ ಬದಲಾಯಿಸಿದರು. ಎದ್ದ ಕೂಡಲೇ ನಿಲ್ಲಬೇಡಿ, ಮಂಚದ ಅಂಚಲ್ಲಿ ಒಂದು ನಿಮಿಷ ಕೂತು ಆಮೇಲೆ ಏಳಿ ಅಂದರು. ಬಚ್ಚಲಲ್ಲಿ ಹಿಡಿಕೆ ಹಾಕಿಸಿದೆವು. ರಾತ್ರಿ ಉರಿಯುವ ಸಣ್ಣ ದೀಪ ಹಾಕಿದೆವು. ಪಕ್ಕದ ಮನೆಯವರ ಹತ್ತಿರ ಇನ್ನೊಂದು ಬೀಗದ ಕೈ ಇದೆ. ಅದಕ್ಕೂ ಹಸಿರು ದಾರವನ್ನೇ ಕಟ್ಟಿದ್ದಾಳೆ.

ಜಪಾನಿನ ಜೋಜಿರುಶಿ ಕಂಪನಿ 2001ರಲ್ಲಿ ನೀರು ಕಾಯಿಸುವ ಒಂದು ಪಾತ್ರೆ ತಂದಿತು. ಒಬ್ಬರೇ ಇರುವ ಹಿರಿಯರು ಅದನ್ನು ಬಳಸಿದರೆ ದೂರ ಇರುವ ಮಕ್ಕಳಿಗೆ ಸುದ್ದಿ ಹೋಗುತ್ತದೆ. ಅಮ್ಮ ಎದ್ದಿದ್ದಾಳೆ, ನೀರು ಕಾಯಿಸಿದ್ದಾಳೆ ಅಂತ ಗೊತ್ತಾದರೆ ಸಾಕು, ಅಷ್ಟೇ. ಅದನ್ನು ಮಾಡಿದವರಿಗೆ ಕೈ ಮುಗಿಯಬೇಕು ಅನಿಸಿತು. ನಮ್ಮಲ್ಲಿ ಆ ಕೆಲಸ ಮಾಡುವುದು ಒಂದು ಹೂವಿನ ಚಿತ್ರ. ಬೆಳಿಗ್ಗೆ ಏಳರೊಳಗೆ ಅಮ್ಮ ವಾಟ್ಸಾಪಿನಲ್ಲಿ ಕಳಿಸುತ್ತಾಳೆ. ಏಳೂಕಾಲಾದರೂ ಬರದಿದ್ದರೆ ನಾನು ಫೋನ್ ಮಾಡುತ್ತೇನೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ನಾವಿಬ್ಬರು ಅವಳ ಮಂಚದ ಮೇಲೆ ಕೂತು ಮಾಡಿಕೊಂಡ ಒಪ್ಪಂದ. ಬಿದ್ದರೆ, ಎಡವಿದರೆ, ತಲೆ ಸುತ್ತಿದರೆ ಅವಳು ಅದೇ ದಿನ ಹೇಳಬೇಕು. ಹೇಳಿದಾಗ ನಾನು ‘ಬಂದುಬಿಡು’ ಅನ್ನಬಾರದು. ಅವಳಿಗೆ ಬರಬೇಕು ಅನಿಸಿದ ದಿನ ಅವಳೇ ಹೇಳುತ್ತಾಳೆ. ನನಗೆ ಭಯ ಆಗುವುದಿಲ್ಲವಾ? ಆಗುತ್ತದೆ. ಏಳು ಗಂಟೆಯಿಂದ ಏಳೂಕಾಲಿನ ತನಕ ನಾನು ಫೋನ್ ಕೆಳಗಿಡುವುದಿಲ್ಲ.

ಹೋದ ಗುರುವಾರ ಮಧ್ಯಾಹ್ನ ಅಮ್ಮನ ಫೋನ್ ಬಂತು. ಆ ಹೊತ್ತಲ್ಲಿ ಅವಳು ಮಾಡುವುದಿಲ್ಲ.

‘ಮೆಟ್ಟಿಲ ಹತ್ರ ಎಡವಿದೆ. ಬೀಳಲಿಲ್ಲ, ಗೋಡೆ ಹಿಡ್ಕೊಂಡೆ. ಹೇಳು ಅಂದಿದ್ದೆಯಲ್ಲ, ಅದಕ್ಕೆ ಹೇಳ್ತಿದ್ದೀನಿ.’

‘ಬಂದುಬಿಡು’ ಅನ್ನುವ ಮಾತು ನಾಲಿಗೆ ತುದಿ ತನಕ ಬಂತು. ನುಂಗಿಕೊಂಡೆ.

‘ಯಾವ ಮೆಟ್ಟಿಲು?’ ಅಂದೆ.