ಇಂಟರ್‌ವಲ್ ತನಕ ಮಾತ್ರ

ಮುಂಬಯಿಯಲ್ಲಿ ಕನ್ನಡ ಸಿನಿಮಾ ನೋಡೋದು ಅಂದ್ರೆ ಸಿನಿಮಾಕ್ಕಿಂತ ಓಡಾಟವೇ ಜಾಸ್ತಿ. ಭಾನುವಾರ ಬೆಳಿಗ್ಗೆ ಒಂದೇ ಒಂದು ಆಟ, ಅದೂ ಮನೆಯಿಂದ ಗಂಟೆಗಟ್ಟಲೆ ದೂರ, ಮುಂದಿನ ವಾರ ಇರುತ್ತೋ ಇಲ್ಲವೋ ದೇವರೇ ಬಲ್ಲ. 2018ರ ಸೆಪ್ಟೆಂಬರ್, ಗಣೇಶ ಚೌತಿಗೆ ಇನ್ನು ನಾಲ್ಕೇ ದಿನ. ಮುಂಬಯಿ ಹೊರವಲಯದ ಡೊಂಬಿವಲಿಯಿಂದ ಆರು ಜನ ಹೊರಟೆವು, ರಿಷಬ್ ಶೆಟ್ಟಿ ನಿರ್ದೇಶನದ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ನೋಡೋಕೆ. ಈ ಹೆಸರು ಹೇಳಿ ಮುಗಿಸೋದ್ರೊಳಗೆ ರೈಲಲ್ಲಿ ಠಾಣೆ ಊರೇ ಬರ್ತದೆ ಮಾರಾಯ್ರೆ ಅಂತ ನಮ್ಮ ಶೆಟ್ರ ಜೋಕು.

ಗುಂಪು ಹೀಗಿತ್ತು. ನಾನು, ನನ್ನ ಹೆಂಡತಿ, ಒಂಬತ್ತು ವರ್ಷದ ಮಗಳು. ಕುಂದಾಪುರ ಕಡೆಯ ಶೆಟ್ರು, ಹೋಟೆಲ್ ನಡೆಸಿ ಈಗ ಮಗನಿಗೆ ಬಿಟ್ಟುಕೊಟ್ಟವರು. ನನ್ನ ಆಫೀಸಿನ ವಿಜಯಪುರದ ಗೆಳೆಯ. ಮತ್ತೆ ಮೇಲಿನ ಮಹಡಿಯ ಟೀಚರ್, ಕನ್ನಡ ಮಾಧ್ಯಮದ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಅವರು ಬರುತ್ತೇನೆ ಅಂದದ್ದೇ ಆಶ್ಚರ್ಯ. ಥಿಯೇಟರಿಗೆ ಕಾಲಿಟ್ಟು ಎಷ್ಟೋ ವರ್ಷ ಆಗಿತ್ತಂತೆ. ಕಾಸರಗೋಡಿನ ಕನ್ನಡ ಶಾಲೆಯ ಕಥೆ ಅಂದ ಕೂಡಲೇ ಸೀರೆ ಉಟ್ಟು, ಹೂ ಮುಡಿದು, ಎಲ್ಲರಿಗಿಂತ ಮೊದಲೇ ಗೇಟಿನ ಹತ್ತಿರ ನಿಂತಿದ್ದರು.

ಭಾನುವಾರ ಅಂದಮೇಲೆ ಲೋಕಲ್ ರೈಲಿನ ಹಳಿ ರಿಪೇರಿ, ಅಂದ್ರೆ ಮೆಗಾ ಬ್ಲಾಕ್, ಇದ್ದೇ ಇರುತ್ತದೆ. ಗಾಡಿ ನಿಂತು ನಿಂತು ಹೋಯಿತು. ಸಯನ್ ಕಡೆಯ ಆ ಮಲ್ಟಿಪ್ಲೆಕ್ಸ್‌ಗೆ ಓಡುತ್ತಾ ತಲುಪಿ, ಕತ್ತಲಲ್ಲಿ ಯಾರ್‍ಯಾರದೋ ಕಾಲು ತುಳಿದುಕೊಂಡು ಕೂತೆವು. ಕೂತ ಐದು ನಿಮಿಷಕ್ಕೆ ಶೆಟ್ರ ನಗು ಶುರುವಾಯಿತು. ಅದು ಸಣ್ಣ ನಗುವಲ್ಲ, ಹೋಟೆಲಿನ ಗಲ್ಲಾದಲ್ಲಿ ಕೂತು ಅಡುಗೆಮನೆಗೆ ಕೇಳುವ ಹಾಗೆ ಕೂಗಿ ಅಭ್ಯಾಸವಾದ ಗಂಟಲಿನ ನಗು. ಪರದೆಯ ಮೇಲಿನ ಹುಡುಗರು ಆಡುವ ಗಡಿನಾಡ ಕನ್ನಡ ಅವರಿಗೆ ಮನೆಮಾತಿನಷ್ಟೇ ಹತ್ತಿರ. ನಮ್ಮ ವಿಜಯಪುರದವನಿಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ಮಗಳದ್ದು ಇನ್ನೊಂದು ಮಜಾ. ಅವಳು ಕೆಳಗೆ ಬರುವ ಇಂಗ್ಲಿಷ್ ಓದುತ್ತಿದ್ದಳು. ಮಾತು ಮುಗಿಯುವ ಮೊದಲೇ ಅಕ್ಷರ ಬಂದುಬಿಡುತ್ತದಲ್ಲ, ಹಾಗಾಗಿ ಪ್ರತಿ ಜೋಕಿಗೂ ನಮಗಿಂತ ಮುಂಚೆ ಅವಳೇ ನಗುತ್ತಿದ್ದಳು. ಎರಡು ಸಲ ನಾನು ತಿರುಗಿ ನೋಡಿದೆ. ಆಮೇಲೆ ನೋಡಲಿಲ್ಲ.

ಟೀಚರ್ ನನ್ನ ಪಕ್ಕದಲ್ಲಿದ್ದರು. ನಗುತ್ತಿದ್ದರು, ಸೆರಗು ಬಾಯಿಗೆ ಅಡ್ಡ ಹಿಡಿದು. ಆದರೆ ತರಗತಿಯ ದೃಶ್ಯ ಬಂದಾಗಲೆಲ್ಲ ಅವರ ಬಲಗೈ ಹೆಬ್ಬೆರಳು ಬೇರೆ ಬೆರಳುಗಳ ಗೆಣ್ಣಿನ ಮೇಲೆ ಓಡುತ್ತಿತ್ತು. ಏನೋ ಜಪ ಅಂದುಕೊಂಡೆ.

ಸಿನಿಮಾ ನೋಡದವರಿಗೆ ಎರಡು ಮಾತು. 1956ರಲ್ಲಿ ರಾಜ್ಯಗಳು ಹೊಸದಾಗಿ ರಚನೆಯಾದಾಗ ಕಾಸರಗೋಡು ಕೇರಳಕ್ಕೆ ಸೇರಿತು, ಕನ್ನಡ ಶಾಲೆಗಳು ಅಲ್ಲೇ ಉಳಿದವು. ಅಂಥದ್ದೊಂದು ಶಾಲೆಗೆ ಕನ್ನಡ ಬಾರದ ಮಲಯಾಳಿ ಮೇಷ್ಟ್ರು ಬರುತ್ತಾರೆ, ಅಧಿಕಾರಿಗಳು ಶಾಲೆಯನ್ನೇ ಮುಚ್ಚಿಸಲು ಹೊರಡುತ್ತಾರೆ, ಮಕ್ಕಳು ಮೈಸೂರಿನಿಂದ ಅನಂತಪದ್ಮನಾಭ ಅನ್ನುವವರನ್ನು ಕರೆತರುತ್ತಾರೆ. ಆ ಪಾತ್ರ ಅನಂತ್ ನಾಗ್ ಅವರದ್ದು. ಇಂಟರ್‌ವಲ್ ತನಕ ತುಂಟಾಟ, ಆಮೇಲೆ ಹೋರಾಟ, ಕೊನೆಗೆ ಕೋರ್ಟು, ಕೋರ್ಟಿನಲ್ಲಿ ಮಾತೃಭಾಷೆಯ ಬಗ್ಗೆ ಉದ್ದನೆಯ ಮಾತು. ಮರುವರ್ಷ ಇದಕ್ಕೆ ಅತ್ಯುತ್ತಮ ಮಕ್ಕಳ ಚಿತ್ರ ಅಂತ ರಾಷ್ಟ್ರ ಪ್ರಶಸ್ತಿ ಬಂತು. ಆದರೆ ನಮ್ಮ ಗುಂಪಿನಲ್ಲಿದ್ದ ಒಂದೇ ಒಂದು ಮಗು ಕೋರ್ಟಿನ ಹೊತ್ತಿಗೆ ಅಮ್ಮನ ಹೆಗಲ ಮೇಲೆ ನಿದ್ದೆ ಹೋಗಿತ್ತು.

ಹೊರಗೆ ಬಂದು ಮಾಟುಂಗಕ್ಕೆ ಟ್ಯಾಕ್ಸಿ ಹಿಡಿದೆವು. ಸ್ಟೇಷನ್ ಪಕ್ಕದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, 1942ರಿಂದ ಇದೆ, ಭಾನುವಾರ ಮಧ್ಯಾಹ್ನ ಅಲ್ಲಿ ಕಾಯದೆ ಊಟ ಸಿಕ್ಕಿದ ಉದಾಹರಣೆ ನನಗಂತೂ ಇಲ್ಲ. ಆ ಕಾಯುವ ಹೊತ್ತಿನಲ್ಲೇ ಜಗಳ ಹತ್ತಿಕೊಂಡಿತು.

ಶುರು ಮಾಡಿದವನು ವಿಜಯಪುರದವನೇ. “ಸಿನಿಮಾ ಅಂದ್ರ ಸಿನಿಮಾ ಇರಬೇಕ್ರೀ. ಮೊದಲ ಅರ್ಧ ಭಾಳ ಛಲೋ ಇತ್ತು. ಆಮ್ಯಾಲ ಭಾಷಣ ಯಾಕ್ರೀ? ನವೆಂಬರ್ ಒಂದಕ್ಕ ಕೇಳೂದು ಇದ್ದೇ ಐತಲ್ಲ!”

ಶೆಟ್ರಿಗೆ ಸಿಟ್ಟು ಬಂತು. “ಎಂತ ಭಾಷಣ? ಆ ಮಾತು ಇಲ್ಲದಿದ್ರೆ ಬರೀ ಕಾಮಿಡಿ ಆಗ್ತಿತ್ತು ಮಾರಾಯ್ರೆ, ಮನೆಗೆ ಹೋಗುವಾಗ ಮರೆತೂ ಹೋಗ್ತಿತ್ತು. ನನಗೆ ಕಣ್ಣಲ್ಲಿ ನೀರು ಬಂತು, ಗೊತ್ತುಂಟಾ?” ಬಂದದ್ದು ನಿಜ, ನಾನು ನೋಡಿದ್ದೆ. ಶೆಟ್ರು ಹನ್ನೆರಡನೇ ವರ್ಷಕ್ಕೆ ಊರಿಂದ ಬಂದು ಮುಂಬಯಿಯ ಫೋರ್ಟ್ ಕಡೆಯ ಹೋಟೆಲಿನಲ್ಲಿ ಹಗಲು ಗ್ಲಾಸು ತೊಳೆದು, ಸಂಜೆ ಕನ್ನಡದ ರಾತ್ರಿ ಶಾಲೆಗೆ ಹೋದವರು. ಪುಸ್ತಕದ ಹಾಳೆಗೆ ಕಾಫಿ ಪುಡಿಯ ವಾಸನೆ ಇರುತ್ತಿತ್ತು ಅಂತ ಹೇಳುತ್ತಿರುತ್ತಾರೆ.

ನನ್ನ ಹೆಂಡತಿ ಇಬ್ಬರಿಗೂ ಒಪ್ಪಲಿಲ್ಲ. ಅವಳ ತಕರಾರು ಬೇರೆ, ಹೆಣ್ಣು ಮಕ್ಕಳಿಗೆ ಸಿನಿಮಾದಲ್ಲಿ ಕೆಲಸವೇ ಇಲ್ಲ, ಹುಡುಗರು ಕದ್ದು ನೋಡೋಕೆ ಮಾತ್ರ ಇದ್ದಾರೆ ಅಂದಳು. ಅದಕ್ಕೆ ಯಾರೂ ಸರಿಯಾಗಿ ಉತ್ತರ ಕೊಡಲಿಲ್ಲ. ನಾನಂತೂ ಸುಮ್ನೆ ಶೆಟ್ರ ಪಕ್ಷ ಹಿಡಿದೆ. ಸಂದೇಶ ಬೇಕು, ನಗಿಸುತ್ತಾ ಹೇಳಿದರೆ ಜನಕ್ಕೆ ನಾಟುತ್ತದೆ, ಇತ್ಯಾದಿ ಇತ್ಯಾದಿ. ಜೋರಾಗಿಯೇ ಹೇಳಿದೆ.

ಟೀಚರ್ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದರು. “ನಿಮಗೆ ಹೇಗನ್ನಿಸ್ತು ಟೀಚರ್?” ಅಂತ ಕೇಳಿದೆ. ನಮ್ಮ ಪಕ್ಷಕ್ಕೆ ಒಂದು ಗಟ್ಟಿ ವೋಟು ಸಿಗುತ್ತೆ ಅಂತ ಆಸೆ.

“ಎಷ್ಟೊಂದು ಮಕ್ಕಳು ಅಲ್ವಾ!” ಅಂದರು.

ನಮಗೆ ಅರ್ಥವಾಗಲಿಲ್ಲ.

“ಎಣಿಸಿದೆ ನಾನು. ಒಂದೊಂದು ಕ್ಲಾಸಲ್ಲಿ ಎಷ್ಟು ಮಕ್ಕಳು! ಅಷ್ಟು ಮಕ್ಕಳಿದ್ರೆ ಯಾವ ಆಫೀಸರೂ ಶಾಲೆ ಮುಚ್ಚೋಕೆ ಆಗಲ್ಲಪ್ಪ. ನನ್ನ ಕೊನೆಯ ವರ್ಷ ಏಳನೇ ಕ್ಲಾಸಲ್ಲಿ ಆರು ಜನ ಇದ್ದರು. ಒಬ್ಬನಿಗೆ ಜ್ವರ ಬಂದರೆ ಐದು.”

ಆಮೇಲೆ ಅವರು ನಿಧಾನಕ್ಕೆ ಹೇಳಿದ್ದನ್ನು ನಾನು ಒಟ್ಟು ಮಾಡಿ ಬರೆಯುತ್ತಿದ್ದೇನೆ. ಮುಂಬಯಿ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು. ಸಂಘಗಳು ನಡೆಸುವ ಶಾಲೆಗಳು ಬೇರೆ. ಮೊದಲು ರಾತ್ರಿ ಶಾಲೆ ತುಂಬುತ್ತಿದ್ದದ್ದು ಹೋಟೆಲ್ ಹುಡುಗರಿಂದ. 2006ರಲ್ಲಿ 14 ವರ್ಷದ ಒಳಗಿನ ಮಕ್ಕಳು ಹೋಟೆಲಿನಲ್ಲಿ ದುಡಿಯಬಾರದು ಅಂತಾಯಿತು. ಒಳ್ಳೆಯದೇ ಆಯಿತು ಅಂದರು, ಆ ಮಕ್ಕಳು ಬೆಂಚಿನ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಿದ್ದದ್ದು ನೋಡೋಕಾಗ್ತಿರಲಿಲ್ಲ. ಹಗಲು ಶಾಲೆಗೆ ಬರಬೇಕಾದವರು ನಮ್ಮಂಥವರ ಮನೆಯ ಮಕ್ಕಳು. ಅವರು ಇಂಗ್ಲಿಷ್ ಶಾಲೆಯ ವ್ಯಾನ್ ಹತ್ತಿದರು. “ನಮ್ಮಲ್ಲಿ ಯಾವ ವಿಲನ್ನೂ ಬರಲಿಲ್ಲ. ಕೋರ್ಟಿಗೆ ಹೋಗೋಣ ಅಂದ್ರೆ ಯಾರ ಮೇಲೆ ಕೇಸು ಹಾಕೋದು? ಎದುರಿಗೆ ಯಾರಾದ್ರೂ ಇರಬೇಕಲ್ಲ.”

ಶೆಟ್ರು ಮೆಟ್ಟಿಲ ಕಡೆ ನೋಡಿದರು. ಅವರ ಮೊಮ್ಮಕ್ಕಳು ಎಲ್ಲಿ ಓದುತ್ತಾರೆ ಅಂತ ನನಗೆ ಗೊತ್ತು. ನನ್ನ ಮಗಳು ಎಲ್ಲಿ ಓದುತ್ತಾಳೆ ಅಂತ ಅವರಿಗೂ ಗೊತ್ತು. ವಿಜಯಪುರದವನಿಗೆ ಮದುವೆಯೇ ಆಗಿಲ್ಲ, ಅವನು ಬಚಾವ್.

“ಹಾಗಾದ್ರೆ ಸಿನಿಮಾ ಸೇರಲಿಲ್ವಾ?” ಅಂತ ನನ್ನ ಹೆಂಡತಿ ಕೇಳಿದಳು.

“ಛೆ, ಯಾರು ಹಾಗಂದ್ರು? ಅನಂತ್ ನಾಗ್ ನಮ್ಮ ಮುಂಬಯಿಯ ನಾಟಕಗಳಿಂದ ಹೋದವನು, ಅವನು ಮಾತಾಡಿದರೆ ಬೇಡ ಅನ್ನೋಕಾಗತ್ತಾ? ಆದರೂ ಕೋರ್ಟು ನನಗೆ ಬೇಡ. ಗೆದ್ದದ್ದು ನೋಡಿದರೆ ಯಾಕೋ ಸಂಕಟ ಆಗತ್ತೆ. ಮೊದಲನೇ ಅರ್ಧ ಇದೆಯಲ್ಲ, ಹುಡುಗರು ಗಲಾಟೆ ಮಾಡೋದು, ಅದು ಇನ್ನೊಂದು ಸಲ ನೋಡಬೇಕು. ಮುಂದಿನ ಭಾನುವಾರ ಬರೋಣ. ಇಂಟರ್‌ವಲ್ ತನಕ ಮಾತ್ರ. ಆಮೇಲೆ ಎದ್ದು ಇಲ್ಲಿಗೆ ಬಂದರೆ ಕ್ಯೂ ಕೂಡ ಕಮ್ಮಿ ಇರತ್ತೆ.”

ಅಷ್ಟರಲ್ಲಿ ನಮ್ಮ ನಂಬರ್ ಕರೆದರು. ಬಾಳೆಎಲೆ ಬಂತು, ಮಾತು ಸಾರಿನ ಕಡೆ ತಿರುಗಿತು. ವಿಜಯಪುರದವನು ಸಾರು ಸಿಹಿ ಅಂತ ಇನ್ನೊಂದು ಜಗಳ ತೆಗೆದ.

ಮುಂದಿನ ವಾರ ಟಿಕೆಟ್ ನೋಡಿದೆ. ಆಟ ತೆಗೆದುಬಿಟ್ಟಿದ್ದರು. ಮೇಲೆ ಹೋಗಿ ಟೀಚರಿಗೆ ಹೇಳಿದೆ. ಅವರು ಬಾಗಿಲಲ್ಲಿ ನಿಂತು ಮೋದಕದ ಹಿಟ್ಟು ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ನಕ್ಕರು.

“ಹಾಜರಿ ಕಮ್ಮಿ ಆಗಿರಬೇಕು ಬಿಡಿ.”