ಆಟ ನಿಂತ ಹೊತ್ತಿಗೆ ಅಂಕ: ಕಾಲೇಜು ಫುಟ್‌ಬಾಲ್ ಕ್ರೀಡಾಂಗಣಗಳ ಸುತ್ತ

ಚೆಂಡನ್ನು ಕೈಯಲ್ಲಿ ಹಿಡಿದು ಮುನ್ನುಗ್ಗುವ ಅಮೆರಿಕದ ಕಾಲೇಜು ಫುಟ್‌ಬಾಲ್ ಪಂದ್ಯ ಗಡಿಯಾರದ ಲೆಕ್ಕದಲ್ಲಿ ಅರವತ್ತು ನಿಮಿಷಗಳದ್ದು; ಆದರೆ ಒಳಗೆ ಹೋಗಿ ಕುಳಿತವರು ಎದ್ದು ಹೊರಬರುವ ಹೊತ್ತಿಗೆ ಸುಮಾರು ಮೂರೂವರೆ ಗಂಟೆ ಕಳೆದಿರುತ್ತದೆ. ಹತ್ತು ಗಜ ಮುಂದೆ ಸಾಗಲು ತಂಡಕ್ಕೆ ನಾಲ್ಕು ಅವಕಾಶಗಳಿದ್ದು, ಒಂದೊಂದು ಪ್ರಯತ್ನವೂ ಕೆಲವೇ ಕ್ಷಣಗಳಲ್ಲಿ ಮುಗಿದು, ಮುಂದಿನದಕ್ಕೆ ಆಟಗಾರರು ಮತ್ತೆ ಸಾಲುಗಟ್ಟಿ ನಿಲ್ಲಬೇಕಾಗುತ್ತದೆ. ಇದರ ಮೇಲೆ ದೂರದರ್ಶನದ ಜಾಹೀರಾತಿಗಾಗಿ ಪಂದ್ಯವನ್ನು ಆಗಾಗ ತಡೆಯುತ್ತಾರೆ. ಮೈದಾನದ ಅಂಚಿನಲ್ಲಿ ಸಿಬ್ಬಂದಿಯೊಬ್ಬರು ಆ ವಿರಾಮದಲ್ಲಿ ಉಳಿದ ಸೆಕೆಂಡುಗಳನ್ನು ತೋರಿಸುವ ಗಡಿಯಾರ ಹಿಡಿದು ನಿಂತಿರುತ್ತಾರೆ. ಮಧ್ಯಂತರವೇ ಇಪ್ಪತ್ತು ನಿಮಿಷ. ಮನೆಯಲ್ಲಿ ಕುಳಿತು ನೋಡುವವರಿಗೆ ಈ ಹೊತ್ತೆಲ್ಲ ಕಾರು ಮತ್ತು ವಿಮೆಯ ಜಾಹೀರಾತುಗಳಲ್ಲಿ ಕಳೆದುಹೋಗುತ್ತದೆ. ಕ್ರೀಡಾಂಗಣಕ್ಕೆ ಹೋದವರಿಗೆ ಮಾತ್ರ ಆ ಹೊತ್ತಿನಲ್ಲಿ ಅಲ್ಲಿ ಏನು ನಡೆಯುತ್ತದೆ ಎಂಬುದು ಗೊತ್ತಾಗುತ್ತದೆ. ಗೆಳೆಯರೊಂದಿಗೆ ಊರೂರು ಸುತ್ತಿ ಕ್ರೀಡಾಂಗಣಗಳಿಗೆ ಅಂಕ ಕೊಡುತ್ತ ಬಂದ ಮೇಲೆ ನಾನು ತಲುಪಿರುವ ಅಭಿಪ್ರಾಯ ಇಷ್ಟೇ: ಕ್ರೀಡಾಂಗಣದ ಹಿರಿಮೆಯನ್ನು ಆಟ ನಡೆಯುವಾಗ ಅಲ್ಲ, ಆಟ ನಿಂತಾಗ ಅಳೆಯಬೇಕು.

ನಮ್ಮದು ಷಿಕಾಗೋದ ಪಶ್ಚಿಮದ ಉಪನಗರಗಳಲ್ಲಿ ನೆಲೆಸಿರುವ ಗೆಳೆಯರ ಗುಂಪು. ಮಂಡ್ಯದವನೊಬ್ಬ, ಧಾರವಾಡದವನೊಬ್ಬ, ಮಕ್ಕಳ ವೈದ್ಯೆಯಾಗಿರುವ ದಾವಣಗೆರೆಯ ಗೆಳತಿ, ಶಿವಮೊಗ್ಗದ ನಾನು. ಧಾರವಾಡದ ಗೆಳೆಯ ಎಂ.ಎಸ್. ಓದಿದ್ದು ಅರ್ಬಾನಾ-ಶಾಂಪೇನ್‌ನ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ. ಈ ಆಟದ ರುಚಿಯನ್ನು ನಮಗೆಲ್ಲ ಹತ್ತಿಸಿದವನು ಅವನೇ. ಸೆಪ್ಟೆಂಬರಿನಿಂದ ನವೆಂಬರಿನವರೆಗೆ, ಬಿಡುವಾದ ಶನಿವಾರಗಳಲ್ಲಿ ಚಿತ್ರಾನ್ನ, ಮೊಸರನ್ನ, ಕೋಡುಬಳೆಗಳನ್ನು ಕಾರಿಗೆ ತುಂಬಿಕೊಂಡು ಬೆಳಗಿನ ಜಾವವೇ ಹೊರಡುತ್ತೇವೆ. ಅಂಕ ಕೊಡುವ ಪದ್ಧತಿಯಲ್ಲಿ ಒಂದು ಶಿಸ್ತಿದೆ. ಮರಳುವಾಗ ಕಾರಿನಲ್ಲಿ ಯಾರೂ ಮಾತನಾಡುವ ಮೊದಲೇ ಪ್ರತಿಯೊಬ್ಬರೂ ತಮ್ಮ ತಮ್ಮ ಅಂಕಗಳನ್ನು ಬರೆದಿಡಬೇಕು. ಕ್ರೀಡಾಂಗಣಕ್ಕೆ ನಡೆದು ಹೋಗುವ ದಾರಿ, ಆಸನದಿಂದ ಕಾಣುವ ನೋಟ, ಸದ್ದು, ಆಟ ನಿಂತಾಗಿನ ಚಟುವಟಿಕೆ, ಒಳಗಿನ ವ್ಯವಸ್ಥೆ ಎಂಬ ಐದು ಬಾಬತ್ತುಗಳಿಗೆ ತಲಾ ಹತ್ತು ಅಂಕ. ನಾಲ್ಕನೆಯ ಬಾಬತ್ತಿಗೆ ಇಪ್ಪತ್ತು ಅಂಕ ಇರಬೇಕೆಂದು ನಾನು ಮೊದಲಿನಿಂದಲೂ ವಾದಿಸುತ್ತ ಬಂದಿದ್ದೇನೆ. ನೋಟವೇ ಮುಖ್ಯವೆನ್ನುವ ಮಂಡ್ಯದ ಗೆಳೆಯ ಇನ್ನೂ ಒಪ್ಪಿಲ್ಲ.

ಅವನ ಪಟ್ಟಿಯಲ್ಲಿ ಮೊದಲ ಸ್ಥಾನ ಆ್ಯನ್ ಆರ್ಬರ್‌ನ ಮಿಷಿಗನ್ ಕ್ರೀಡಾಂಗಣಕ್ಕೆ. 1927ರಲ್ಲಿ ತೆರೆದ ಇದರಲ್ಲಿ ಈಗ ಅಧಿಕೃತವಾಗಿ 1,07,601 ಜನ ಕುಳಿತುಕೊಳ್ಳಬಹುದು. ಅಮೆರಿಕದಲ್ಲಿ ಇದಕ್ಕಿಂತ ದೊಡ್ಡ ಕ್ರೀಡಾಂಗಣವಿಲ್ಲ. 2013ರ ಸೆಪ್ಟೆಂಬರಿನಲ್ಲಿ ನಾಟರ್ ಡೇಮ್ ವಿರುದ್ಧದ ಪಂದ್ಯಕ್ಕೆ 1,15,109 ಜನ ಸೇರಿದ್ದರು. ಇಷ್ಟು ದೊಡ್ಡದಾಗಿದ್ದರೂ ಹಿಂದೆ ಹೊರಗಿನಿಂದ ಬರುವವರಿಗೆ ಅದರ ಗಾತ್ರ ತಿಳಿಯುತ್ತಿರಲಿಲ್ಲ, ಏಕೆಂದರೆ ಬಹುಭಾಗ ನೆಲಮಟ್ಟಕ್ಕಿಂತ ಕೆಳಗಿದೆ. ಬೀದಿಯ ಮಟ್ಟದಲ್ಲೇ ದ್ವಾರ ದಾಟಿ ಒಳಗೆ ಕಾಲಿಟ್ಟರೆ, ನಮ್ಮ ಕಡೆಯ ಕಲ್ಯಾಣಿಯಂತೆ ಮೆಟ್ಟಿಲುಗಳು ನಾಲ್ಕೂ ದಿಕ್ಕಿನಿಂದ ತಳದವರೆಗೆ ಇಳಿಯುತ್ತವೆ. ಅಂದಿನ ಕ್ರೀಡಾ ನಿರ್ದೇಶಕ ಫೀಲ್ಡಿಂಗ್ ಯೋಸ್ಟ್ ಅವರು ಮುಂದೆ ಲಕ್ಷ ಆಸನಗಳವರೆಗೂ ಬೆಳೆಸಬಹುದಾದಂಥ ಅಡಿಪಾಯವನ್ನು ಆರಂಭದಲ್ಲೇ ಹಾಕಿಸಿದರು. ಅಂದು ಕಟ್ಟಿದ್ದು ಸುಮಾರು 72,000 ಆಸನಗಳನ್ನು ಮಾತ್ರ ಎಂಬುದನ್ನು ನೆನೆದರೆ ಅವರ ದೂರದೃಷ್ಟಿಗೆ ತಲೆಬಾಗಬೇಕೆನಿಸುತ್ತದೆ.

ಆದರೆ ಸದ್ದಿನ ವಿಷಯದಲ್ಲಿ ನಾನು ಈ ಕ್ರೀಡಾಂಗಣಕ್ಕೆ ಪೂರ್ಣ ಅಂಕ ಕೊಟ್ಟಿಲ್ಲ. ಒಂದೇ ಅಂತಸ್ತಿನ, ಇಳಿಜಾರು ಕಡಿಮೆಯಿರುವ ಅಗಲವಾದ ಬಟ್ಟಲಿನಲ್ಲಿ ಕೂಗು ಮೇಲೆ ಹೋಗಿ ಆಕಾಶದಲ್ಲಿ ಕರಗಿಬಿಡುತ್ತದೆ. 2010ರಲ್ಲಿ ಪೂರ್ವ ಮತ್ತು ಪಶ್ಚಿಮದ ಬದಿಗಳಲ್ಲಿ ಎತ್ತರದ ಕಟ್ಟಡಗಳನ್ನು ಎಬ್ಬಿಸಿದ ಮೇಲೆ ಸದ್ದು ಒಳಕ್ಕೆ ತಿರುಗುವುದು ಹೆಚ್ಚಿತೆಂದು ಹಳಬರು ಹೇಳುತ್ತಾರೆ. ಆದರೂ ಲಕ್ಷಕ್ಕೂ ಹೆಚ್ಚು ಜನರ ನಡುವೆ ಕುಳಿತಾಗ ನಾನು ನಿರೀಕ್ಷಿಸಿದ್ದ ಗುಡುಗು ಅಲ್ಲಿ ಕೇಳಿಸಲಿಲ್ಲ. ನೋಟಕ್ಕೆ ಮಾತ್ರ ಹತ್ತಕ್ಕೆ ಹತ್ತು: ಎಷ್ಟೇ ಮೇಲಿನ ಸಾಲಿನಲ್ಲಿ ಕುಳಿತರೂ ಆಟ ಇಡಿಯಾಗಿ ಕಾಣುತ್ತದೆ.

ನನ್ನ ಪಟ್ಟಿಯಲ್ಲಿ ಮೊದಲನೆಯದು ಕೊಲಂಬಸ್‌ನ ಒಹಾಯೋ ಕ್ರೀಡಾಂಗಣ. ಹವರ್ಡ್ ಡ್ವೈಟ್ ಸ್ಮಿತ್ ಎಂಬ ವಾಸ್ತುಶಿಲ್ಪಿ ವಿನ್ಯಾಸ ಮಾಡಿದ, 1922ರಲ್ಲಿ ತೆರೆದ ಈ ಕಾಂಕ್ರೀಟ್ ಕಟ್ಟಡ ಓಲೆಂಟಾಂಜಿ ನದಿಯ ದಡದಲ್ಲಿ ಕುದುರೆಲಾಳದ ಆಕಾರದಲ್ಲಿ ನಿಂತಿದೆ. ಉತ್ತರದ ಮುಖ್ಯದ್ವಾರದ ಗುಮ್ಮಟಕ್ಕೆ ರೋಮಿನ ಪ್ಯಾಂಥಿಯನ್ ಮಾದರಿ. ಇಲ್ಲಿ ಎರಡು ಅಂತಸ್ತುಗಳಿರುವುದರಿಂದ ಮೇಲಿನ ಅಂತಸ್ತಿನ ತಳ ಕೆಳಗಿನವರ ಕೂಗನ್ನು ಹಿಡಿದು ಮೈದಾನಕ್ಕೆ ಮರಳಿಸುತ್ತದೆ. ಕಳೆದ ಶತಮಾನದ ಕೊನೆಯವರೆಗೂ ಮೈದಾನದ ಸುತ್ತ ಓಟದ ಪಥವಿತ್ತು. 2001ರಲ್ಲಿ ಮುಗಿದ ನವೀಕರಣದಲ್ಲಿ ಅದನ್ನು ತೆಗೆದು, ಮೈದಾನವನ್ನೇ ಕೆಳಕ್ಕೆ ಇಳಿಸಿ, ಪ್ರೇಕ್ಷಕರನ್ನು ಆಟಕ್ಕೆ ಇನ್ನಷ್ಟು ಹತ್ತಿರ ತಂದರು. ಈಗಿನ ಸಾಮರ್ಥ್ಯ 1,02,780. ಮಿಷಿಗನ್‌ಗಿಂತ ಕಡಿಮೆ, ಆದರೆ ಕಿವಿಗೆ ಬೀಳುವ ಸದ್ದು ಬಹಳ ಹೆಚ್ಚು.

ಇಷ್ಟೆಲ್ಲವನ್ನೂ ಮೀರಿಸುವುದು ಅಲ್ಲಿನ ವಾದ್ಯವೃಂದ. ಇದರಲ್ಲಿ ಹಿತ್ತಾಳೆ ವಾದ್ಯಗಳು ಮತ್ತು ತಾಳವಾದ್ಯಗಳ ಹೊರತು ಬೇರೇನೂ ಇಲ್ಲ; ಕೊಳಲಿಲ್ಲ, ಕ್ಲಾರಿನೆಟ್ ಇಲ್ಲ. 1936ರಿಂದ ನಡೆದುಬಂದಿರುವ ಒಂದು ಆಚರಣೆಗಾಗಿ ಜನ ಪಂದ್ಯಕ್ಕೆ ಬಹಳ ಮೊದಲೇ ಆಸನಗಳಲ್ಲಿ ಕುಳಿತುಬಿಡುತ್ತಾರೆ. ಹಳೆಯ ಫ್ರೆಂಚ್ ಸೈನಿಕ ನಡೆಯ ಧಾಟಿಯನ್ನು ನುಡಿಸುತ್ತ ವಾದಕರು ಒಬ್ಬರ ಹಿಂದೊಬ್ಬರು ಒಂದೇ ಎಳೆಯಾಗಿ ಹೊರಟು, ಮೈದಾನದ ಉದ್ದಗಲಕ್ಕೆ ರಾಜ್ಯದ ಹೆಸರಿನ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಕೂಡಕ್ಷರದಲ್ಲಿ ಬರೆಯುತ್ತಾರೆ. ಬರೆಯುವಾಗ ಎಳೆಗಳು ಒಂದನ್ನೊಂದು ದಾಟಬೇಕಾದ ಕಡೆ ಎದುರುಬದುರಾಗಿ ಬರುವ ವಾದಕರು ಹೆಜ್ಜೆ ತಪ್ಪದೆ ಒಬ್ಬರ ಸಂದಿಯಲ್ಲಿ ಇನ್ನೊಬ್ಬರು ಹಾದುಹೋಗುವುದನ್ನು ಮೇಲಿನ ಅಂತಸ್ತಿನಿಂದ ನೋಡಬೇಕು. ಕೊನೆಗೆ ಉಳಿಯುವುದು ‘i’ ಅಕ್ಷರದ ನೆತ್ತಿಯ ಚುಕ್ಕೆ. ಮೈಗೆ ಸುತ್ತಿಕೊಂಡು ತಲೆಯ ಮೇಲೆ ಬಾಯಿ ತೆರೆದಿರುವ ಸೂಸಫೋನ್ ಎಂಬ ಭಾರಿ ವಾದ್ಯವನ್ನು ಹೊತ್ತ ಹಿರಿಯ ವಿದ್ಯಾರ್ಥಿಯೊಬ್ಬ ಗತ್ತಿನ ಹೆಜ್ಜೆ ಹಾಕುತ್ತ ಆ ಜಾಗಕ್ಕೆ ಬಂದು, ಟೋಪಿ ತೆಗೆದು ಎರಡೂ ಕಡೆಗೆ ಬಾಗಿ ನಮಿಸುತ್ತಾನೆ. ಒಂದು ಲಕ್ಷ ಜನ ಎದ್ದು ನಿಂತು ಹರ್ಷೋದ್ಗಾರ ಮಾಡುವುದು ಆಟಗಾರನಿಗಲ್ಲ, ವಾದ್ಯ ನುಡಿಸುವ ವಿದ್ಯಾರ್ಥಿಯೊಬ್ಬನಿಗೆ. ಒಂದೂ ಪಾಯಿಂಟ್ ದಾಖಲಾಗದ ಆ ಕ್ಷಣದಲ್ಲಿ ಕ್ರೀಡಾಂಗಣದ ಅತ್ಯಂತ ದೊಡ್ಡ ಸದ್ದುಗಳಲ್ಲಿ ಒಂದನ್ನು ನಾನು ಕೇಳಿದೆ. ಆ ಬಾಬತ್ತಿಗೆ ಹತ್ತಕ್ಕಿಂತ ಹೆಚ್ಚು ಕೊಡಲು ನಮ್ಮ ನಿಯಮದಲ್ಲಿ ಅವಕಾಶವಿದ್ದಿದ್ದರೆ ಕೊಡುತ್ತಿದ್ದೆ.

ಅಯೋವಾ ಸಿಟಿಯ ಕಿನಿಕ್ ಕ್ರೀಡಾಂಗಣದ ವಿಷಯದಲ್ಲಿ ಮಾತ್ರ ನಮ್ಮಲ್ಲಿ ಜಗಳವೇ ಆಗಲಿಲ್ಲ. 1939ರಲ್ಲಿ, ಕಾಲೇಜು ಫುಟ್‌ಬಾಲಿನ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿ ಪಡೆದು, ಎರಡನೆಯ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯ ವಿಮಾನ ತರಬೇತಿಯಲ್ಲಿ ಪ್ರಾಣ ಕಳೆದುಕೊಂಡ ನೈಲ್ ಕಿನಿಕ್ ಅವರ ಹೆಸರನ್ನು 1972ರಲ್ಲಿ ಇದಕ್ಕೆ ಇಡಲಾಯಿತು. ಪಕ್ಕದಲ್ಲೇ ವಿಶ್ವವಿದ್ಯಾಲಯದ ಮಕ್ಕಳ ಆಸ್ಪತ್ರೆ ಇದ್ದು, ಅದರ ಮೇಲಂತಸ್ತಿನ ಗಾಜಿನ ಗೋಡೆಗಳಿಂದ ಮೈದಾನ ನೇರವಾಗಿ ಕಾಣುತ್ತದೆ. 2017ರ ಋತುವಿನಿಂದ, ಮೊದಲ ಕಾಲುಭಾಗದ ಆಟ ಮುಗಿದ ಕೂಡಲೇ ಇಡೀ ಕ್ರೀಡಾಂಗಣ ಆ ಕಟ್ಟಡದ ಕಡೆಗೆ ತಿರುಗಿ ಮಕ್ಕಳಿಗೆ ಕೈಬೀಸುತ್ತದೆ. ಆತಿಥೇಯ ತಂಡ, ಎದುರಾಳಿ ತಂಡ, ತೀರ್ಪುಗಾರರು, ಎಲ್ಲರೂ ಕೈ ಎತ್ತುತ್ತಾರೆ. ಕಿಟಕಿಗಳ ಆಚೆಯಿಂದ ಪುಟ್ಟ ಕೈಗಳು ಉತ್ತರಿಸುತ್ತವೆ. ದಾವಣಗೆರೆಯ ಗೆಳತಿ ಮರಳುವ ದಾರಿಯಲ್ಲಿ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. ತಿಂಗಳುಗಟ್ಟಲೆ ವಾರ್ಡಿನಲ್ಲಿರುವ ಮಗುವಿಗೆ ಸೂಜಿ ಮತ್ತು ಔಷಧಿಗಳ ವೇಳೆಯ ಹೊರತು ದಿನಗಳ ನಡುವೆ ವ್ಯತ್ಯಾಸವೇ ತಿಳಿಯುವುದಿಲ್ಲವೆಂದೂ, ಶನಿವಾರ ಇಂಥ ಹೊತ್ತಿಗೆ ಜನ ನನ್ನನ್ನು ನೋಡುತ್ತಾರೆಂದು ಕಾಯುವುದಕ್ಕೆ ಏನಾದರೂ ಇದ್ದರೆ ಅದರ ಬೆಲೆ ದೊಡ್ಡದೆಂದೂ ಆಕೆ ಹೇಳಿದರು. ಆಟದ ನಡುವಿನ ಒಂದು ನಿಮಿಷವನ್ನು ಇದಕ್ಕಿಂತ ಚೆನ್ನಾಗಿ ಬಳಸಿಕೊಂಡ ಇನ್ನೊಂದು ಕ್ರೀಡಾಂಗಣವನ್ನು ನಾನು ಕಂಡಿಲ್ಲ.

ಮ್ಯಾಡಿಸನ್‌ನ ಕ್ಯಾಂಪ್ ರ‍್ಯಾಂಡಲ್ ಕ್ರೀಡಾಂಗಣ ನಮಗೆ ಹತ್ತಿರ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ವಿಸ್ಕಾನ್ಸಿನ್‌ನ ಸುಮಾರು 70,000 ಸೈನಿಕರು ತರಬೇತಿ ಪಡೆದ ಶಿಬಿರದ ನೆಲ ಅದು. 1917ರಿಂದ ಅಲ್ಲಿ ಫುಟ್‌ಬಾಲ್ ನಡೆಯುತ್ತಿದೆ. ಮೂರನೆಯ ಮತ್ತು ನಾಲ್ಕನೆಯ ಕಾಲುಭಾಗಗಳ ನಡುವೆ ಹಿಪ್-ಹಾಪ್ ಹಾಡೊಂದಕ್ಕೆ ವಿದ್ಯಾರ್ಥಿಗಳೆಲ್ಲ ಒಟ್ಟಾಗಿ ಜಿಗಿಯುವ ರೂಢಿ 1998ರಲ್ಲಿ ಆರಂಭವಾಯಿತು. ಕಟ್ಟಡಕ್ಕೆ ಅಪಾಯವಾದೀತೆಂಬ ಅಂಜಿಕೆಯಿಂದ 2003ರಲ್ಲಿ ಅದನ್ನು ನಿಲ್ಲಿಸಿದಾಗ ವಿದ್ಯಾರ್ಥಿಗಳು ಪ್ರತಿಭಟಿಸಿದರು. ಕಟ್ಟಡ ಗಟ್ಟಿಯಾಗಿದೆ ಎಂದು ಖಚಿತವಾದ ಮೇಲೆ ಜಿಗಿತ ಮರಳಿತು. ಕಾಂಕ್ರೀಟು ಕಾಲಡಿಯಲ್ಲಿ ಅಲುಗುವುದು ನಿಜವಾಗಿಯೂ ತಿಳಿಯುತ್ತದೆ. ಆದರೆ ನನಗೆ ಹೆಚ್ಚು ಇಷ್ಟವಾದದ್ದು ಪಂದ್ಯ ಮುಗಿದ ನಂತರದ್ದು: ತಂಡ ಗೆದ್ದಿರಲಿ ಸೋತಿರಲಿ, ವಾದ್ಯವೃಂದ ಮೈದಾನಕ್ಕಿಳಿದು ನುಡಿಸುತ್ತದೆ, ಸಾವಿರಾರು ಜನ ಎದ್ದು ಹೋಗದೆ ಕುಣಿಯುತ್ತಾರೆ.

ಧಾರವಾಡದ ಗೆಳೆಯನ ಒತ್ತಾಯಕ್ಕಾಗಿ ಅಲ್ಲ, ನ್ಯಾಯವಾಗಿಯೇ ಶಾಂಪೇನ್‌ನ ಮೆಮೋರಿಯಲ್ ಕ್ರೀಡಾಂಗಣವನ್ನು ಇಲ್ಲಿ ಹೇಳಬೇಕು. ಮೊದಲ ಮಹಾಯುದ್ಧದಲ್ಲಿ ಮಡಿದ ಇಲಿನಾಯ್ ವಿದ್ಯಾರ್ಥಿಗಳ ನೆನಪಿಗೆ ಕಟ್ಟಿದ ಇದರ ಪೂರ್ವ ಮತ್ತು ಪಶ್ಚಿಮದ ಕಂಬಸಾಲುಗಳಲ್ಲಿ ಅವರ ಹೆಸರುಗಳನ್ನು ಕೊರೆದಿದ್ದಾರೆ. 1924ರ ಅಕ್ಟೋಬರ್ 18ರಂದು, ಸಮರ್ಪಣೆಯ ಪಂದ್ಯದಲ್ಲಿ ರೆಡ್ ಗ್ರೇಂಜ್ ಮಿಷಿಗನ್ ವಿರುದ್ಧ ಮೊದಲ ಹನ್ನೆರಡು ನಿಮಿಷಗಳಲ್ಲೇ ನಾಲ್ಕು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆಯ ಆಚೆಗೆ ಒಯ್ದು ಪಡೆಯುವ ಅಂಕ) ಗಳಿಸಿದ ನೆಲ ಅದು. ಈಗ ಆ ಕ್ಯಾಂಪಸ್ಸಿನಲ್ಲಿ ಕರ್ನಾಟಕದ ವಿದ್ಯಾರ್ಥಿಗಳು ಪ್ರತಿ ವರ್ಷವೂ ಇರುತ್ತಾರೆ. ಪಂದ್ಯದ ಟಿಕೆಟ್ ಕೊಳ್ಳದಿದ್ದರೂ ಅವರು ಆ ಕಂಬಗಳ ನಡುವೆ ಒಮ್ಮೆ ನಡೆದಾಡಬೇಕೆಂದು ನಾನು ಬಯಸುತ್ತೇನೆ.

ಸೌತ್ ಬೆಂಡ್‌ನ ನಾಟರ್ ಡೇಮ್ ಕ್ರೀಡಾಂಗಣ (1930) ದಾರಿಯ ಬಾಬತ್ತಿನಲ್ಲಿ ಎಲ್ಲರಿಂದಲೂ ಪೂರ್ಣ ಅಂಕ ಪಡೆಯಿತು. ವಿಶ್ವವಿದ್ಯಾಲಯದ ಮುಖ್ಯ ಕಟ್ಟಡದ ಚಿನ್ನದ ಗುಮ್ಮಟದಿಂದ ಮರಗಳ ನೆರಳಿನಲ್ಲಿ ನಡೆದು ಬಂದರೆ, ಗ್ರಂಥಾಲಯದ ಗೋಡೆಯ ಮೇಲೆ 134 ಅಡಿ ಎತ್ತರದ ಕ್ರಿಸ್ತನ ಚಿತ್ರ ಎದುರಾಗುತ್ತದೆ. ಎತ್ತಿದ ಆ ಎರಡು ಕೈಗಳು ಟಚ್‌ಡೌನ್ ಸೂಚಿಸುವ ತೀರ್ಪುಗಾರನ ಕೈಗಳಂತೆಯೇ ಇರುವುದರಿಂದ ಅಭಿಮಾನಿಗಳು ಆ ಚಿತ್ರವನ್ನು ಆಟದ ಭಾಗವಾಗಿಯೇ ಕಾಣುತ್ತಾರೆ. 1997ರಲ್ಲಿ ಕ್ರೀಡಾಂಗಣವನ್ನು ಎತ್ತರಿಸಿದ ಮೇಲೆ ಒಳಗಿನಿಂದ ಅದು ಮೊದಲಿನಷ್ಟು ಕಾಣುವುದಿಲ್ಲ. ಒಳಗಿನ ವ್ಯವಸ್ಥೆ ಅಚ್ಚುಕಟ್ಟು, ಸದ್ದು ಸಾಧಾರಣ.

ವಿಮಾನ ಹತ್ತಿ ಹೋಗಿ ನೋಡಿದವುಗಳಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಬೀವರ್ ಕ್ರೀಡಾಂಗಣದ್ದು ಸದ್ದಿನಲ್ಲಿ ಮೊದಲ ಸ್ಥಾನ. ಇಡೀ ಜನಸ್ತೋಮ ಬಿಳಿ ಬಟ್ಟೆ ತೊಟ್ಟು ಬರುವ ರಾತ್ರಿ ಪಂದ್ಯದಲ್ಲಿ ಪಕ್ಕದಲ್ಲಿ ಕುಳಿತವರ ಮಾತು ಕೇಳಿಸಿಕೊಳ್ಳುವುದು ಸಾಧ್ಯವಿರಲಿಲ್ಲ. ನಾಕ್ಸ್‌ವಿಲ್‌ನ ನೇಲೆಂಡ್ ಕ್ರೀಡಾಂಗಣಕ್ಕೆ ಜನ ಟೆನೆಸೀ ನದಿಯಲ್ಲಿ ದೋಣಿಗಳಲ್ಲಿ ಬಂದು ದಡಕ್ಕೆ ಕಟ್ಟಿ ನಿಲ್ಲುತ್ತಾರೆ. 1962ರಲ್ಲಿ ರೇಡಿಯೊ ವೀಕ್ಷಕ ವಿವರಣೆಕಾರ ಜಾರ್ಜ್ ಮೂನಿ ಅವರು ಹಾಗೆ ಬಂದದ್ದರಿಂದ ಮೊದಲಾದ ರೂಢಿ ಅದು. ಇವೆರಡಕ್ಕೂ ಮತ್ತೆ ಹೋಗಬೇಕು.

ಗಾತ್ರವೇ ಎಲ್ಲವೂ ಅಲ್ಲವೆಂಬುದಕ್ಕೆ ನಮ್ಮೂರಿನ ಬಳಿಯೇ ಸಾಕ್ಷಿ ಸಿಕ್ಕಿತು. ಇವಾನ್‌ಸ್ಟನ್‌ನ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ ತನ್ನ ಹಳೆಯ ಕ್ರೀಡಾಂಗಣವನ್ನು ಕೆಡವಿ ಹೊಸದನ್ನು ಕಟ್ಟುತ್ತಿದ್ದ ಅವಧಿಯಲ್ಲಿ, 2024 ಮತ್ತು 2025ರಲ್ಲಿ, ಹಲವು ಪಂದ್ಯಗಳನ್ನು ಮಿಷಿಗನ್ ಸರೋವರದ ದಡದ ತಾತ್ಕಾಲಿಕ ಮೈದಾನದಲ್ಲಿ ಆಡಿಸಿತು. ಸುಮಾರು ಹನ್ನೆರಡು ಸಾವಿರ ಆಸನಗಳು ಮಾತ್ರ. ಹಿಂದೆ ನೀಲಿ ನೀರು. ತರಬೇತುದಾರರ ಕೂಗು, ಆಟಗಾರರ ಶಿರಸ್ತ್ರಾಣಗಳು ತಾಕುವ ಸದ್ದು ನಮ್ಮವರೆಗೆ ಬರುತ್ತಿತ್ತು. ಮಂಡ್ಯದ ಗೆಳೆಯ ಅದಕ್ಕೆ ನೋಟದಲ್ಲಿ ಒಂಬತ್ತು ಅಂಕ ಕೊಟ್ಟ.

ನನ್ನ ಕಳವಳ ಬೇರೆಯದು. ಈಚೆಗೆ ಎಷ್ಟೋ ಕಡೆ ಆಟ ನಿಂತ ಕೂಡಲೇ ಧ್ವನಿವರ್ಧಕಗಳಲ್ಲಿ ಮುದ್ರಿತ ಹಾಡುಗಳನ್ನು ಕಿವಿಗಡಚಿಕ್ಕುವಂತೆ ಹಾಕುತ್ತಾರೆ. ದೊಡ್ಡ ಪರದೆಯ ಮೇಲೆ ಪ್ರಾಯೋಜಕರ ಸ್ಪರ್ಧೆಗಳು ನಡೆಯುತ್ತವೆ. ಎಳವೆಯಿಂದ ಅಭ್ಯಾಸ ಮಾಡಿದ ಇನ್ನೂರಕ್ಕೂ ಹೆಚ್ಚು ವಾದಕರು ವಾದ್ಯಗಳನ್ನು ತೊಡೆಯ ಮೇಲಿಟ್ಟು ಸುಮ್ಮನೆ ಕುಳಿತಿರುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. 2025ರಿಂದ ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದಾಗಿದೆ. ಆಟಗಾರರಿಗೆ ಹಣ ಸಿಗುವುದು ನ್ಯಾಯವೇ. ಆದರೆ ಆ ಹಣವನ್ನು ಹೊಂದಿಸಲು ಆಟದ ನಡುವಿನ ಪ್ರತಿ ನಿಮಿಷವನ್ನೂ ಮಾರಬೇಕಾದರೆ, ಕೊಲಂಬಸ್‌ನಲ್ಲಿ ಕಂಡಂಥದ್ದು ಉಳಿಯುವುದು ಕಷ್ಟ. ಮುದ್ರಿತ ಸಂಗೀತ ಹೆಚ್ಚಾದ ಕಡೆ ನಾಲ್ಕನೆಯ ಬಾಬತ್ತಿನಲ್ಲಿ ನಾನು ಅಂಕ ಕಡಿತಗೊಳಿಸುತ್ತೇನೆ. ಈ ನಿಯಮವನ್ನು ಗೆಳೆಯರೂ ಈಗ ಒಪ್ಪಿಕೊಂಡಿದ್ದಾರೆ.

ಹೋಗಬಯಸುವ ಕನ್ನಡಿಗರಿಗೆ ಒಂದೆರಡು ಮಾತು. ಸೆಪ್ಟೆಂಬರಿನ ಮೊದಲ ವಾರಗಳಲ್ಲಿ ಸಣ್ಣ ತಂಡಗಳ ವಿರುದ್ಧ ನಡೆಯುವ ಪಂದ್ಯಗಳ ಟಿಕೆಟ್ ಅಗ್ಗ. ಆಚರಣೆಗಳೆಲ್ಲ ಅವುಗಳಲ್ಲಿಯೂ ಇರುತ್ತವೆ. ಸಾಮಾನ್ಯವಾಗಿ ಪಾರದರ್ಶಕ ಚೀಲವನ್ನಷ್ಟೇ ಒಳಗೆ ಬಿಡುತ್ತಾರೆ. ಸಸ್ಯಾಹಾರಿಗಳಿಗೆ ಒಳಗೆ ಪಾಪ್‌ಕಾರ್ನ್, ಪ್ರೆಟ್‌ಜೆಲ್‌ಗಳಿಗಿಂತ ಹೆಚ್ಚೇನೂ ಸಿಗುವುದು ಅಪರೂಪವಾದ್ದರಿಂದ ಕಾರು ನಿಲ್ಲಿಸಿದ ಕಡೆಯೇ ಊಟ ಮುಗಿಸಿಕೊಳ್ಳುವುದು ಲೇಸು. ನವೆಂಬರಿನಲ್ಲಿ ಅಲ್ಯೂಮಿನಿಯಂ ಬೆಂಚು ಮತ್ತು ಕಾಂಕ್ರೀಟು ಮೂಳೆಯವರೆಗೂ ಕೊರೆಯುತ್ತವೆ. ಕುಳಿತುಕೊಳ್ಳಲು ಮೆತ್ತೆ, ಕಾಲಡಿಗೆ ಒಂದು ರಟ್ಟಿನ ತುಂಡು ಇದ್ದರೆ ನಾಲ್ಕನೆಯ ಕಾಲುಭಾಗದವರೆಗೂ ಕೂರಬಹುದು. ಷಿಕಾಗೋ ಕಡೆಯಿಂದ ಸೌತ್ ಬೆಂಡ್, ಆ್ಯನ್ ಆರ್ಬರ್, ಕೊಲಂಬಸ್‌ಗಳಿಗೆ ಹೋಗುವವರು ಗಡಿಯಾರ ಒಂದು ಗಂಟೆ ಮುಂದಿರುತ್ತದೆ ಎಂಬುದನ್ನು ಮರೆಯಬಾರದು. ಒಂದೇ ಒಂದು ಪಂದ್ಯಕ್ಕೆ ಹೋಗಲು ಸಾಧ್ಯವೆನ್ನುವವರು ಕೊಲಂಬಸ್‌ಗೆ ಹೋಗಲಿ. ಮಕ್ಕಳನ್ನು ಕರೆದೊಯ್ಯುವವರು ಅಯೋವಾ ಸಿಟಿಗೆ ಹೋಗಿ, ಮೊದಲ ಕಾಲುಭಾಗ ಮುಗಿಯುವ ಮುನ್ನ ತಿಂಡಿ ತರಲು ಎದ್ದು ಹೋಗದಿರಲಿ.