ಹೊಳಪು ಬಿಟ್ಟು ತುಕ್ಕು ನೋಡಿ

ಟೋಕಿಯೊದ ರ್ಯೋಗೊಕು ಸ್ಟೇಷನ್ನಿನಲ್ಲಿ ಇಳಿಯುವ ಪ್ರವಾಸಿಗರು ಸಾಮಾನ್ಯವಾಗಿ ಸುಮೋ ಕ್ರೀಡಾಂಗಣದ ಕಡೆ ಹೋಗುತ್ತಾರೆ. ನಾನು, ಭಾವ ಅದನ್ನು ದಾಟಿ ಹಳೇ ಯಾಸುದಾ ತೋಟದ ದಾರಿ ಹಿಡಿದೆವು. ತೋಟಕ್ಕೆ ಅಂಟಿಕೊಂಡೇ ಕತ್ತಿಗಳ ಮ್ಯೂಸಿಯಂ ಇದೆ. ಮೊದಲು ಯೊಯೋಗಿಯಲ್ಲಿತ್ತು, 2018ರಲ್ಲಿ ಇಲ್ಲಿಗೆ ಬಂತು. ಭಾವ ಒಸಾಕಾದಲ್ಲಿ ಕೆಲಸದಲ್ಲಿದ್ದಾರೆ, ಜಪಾನಿ ಭಾಷೆ ಚೆನ್ನಾಗಿ ಬರುತ್ತದೆ. ಹಳೇ ಕತ್ತಿಯ ಹುಚ್ಚು ನನ್ನದು, ಅನುವಾದದ ಕಷ್ಟ ಅವರದು.

ಒಳಗೆ ಹೋದರೆ ಮೊದಲು ಸ್ವಲ್ಪ ನಿರಾಸೆಯೇ ಆಗುತ್ತದೆ. ಹೆಚ್ಚಿನವಕ್ಕೆ ಹಿಡಿ ಇಲ್ಲ, ಒರೆ ಇಲ್ಲ. ಬಟ್ಟೆಯ ಮೇಲೆ ಬರೀ ಅಲಗು ಮಲಗಿಸಿದ್ದಾರೆ. ಹಿಡಿಯೊಳಗೆ ಅಡಗಿರುವ ಭಾಗವನ್ನೂ ಬಯಲಿಗಿಟ್ಟಿದ್ದಾರೆ. ಅದಕ್ಕೆ ನಕಾಗೊ ಅನ್ನುತ್ತಾರೆ. ಥಳಥಳ ಹೊಳೆಯುವ ಅಲಗಿನ ಬುಡದಲ್ಲಿ ಕಪ್ಪಗೆ ತುಕ್ಕು ಹಿಡಿದ ಮೊಂಡು ತುಂಡು. "ಇದೊಂದನ್ನ ಯಾಕೆ ಹಾಗೇ ಬಿಟ್ಟಿದ್ದಾರೆ?" ಅಂತ ಭಾವ ಕೇಳಿದರು.

ಕತ್ತಿ ಅಸಲಿಯೋ ನಕಲಿಯೋ ಅಂತ ಓದುವವರು ಶುರು ಮಾಡುವುದೇ ಅಲ್ಲಿಂದ. ಅಲಗನ್ನು ನೂರಾರು ವರ್ಷಗಳಲ್ಲಿ ಎಷ್ಟೋ ಸಲ ಸಾಣೆ ಹಿಡಿದಿರುತ್ತಾರೆ. ನಕಾಗೊವನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಕಮ್ಮಾರ ಅರ ಹಾಕಿದ ಗೆರೆ, ಉಳಿಯಿಂದ ಕೆತ್ತಿದ ಹೆಸರು, ಬಿದಿರಿನ ಬೆಣೆ ಹೊಡೆಯುವ ತೂತು, ಎಲ್ಲ ಅಲ್ಲೇ ಉಳಿದಿರುತ್ತವೆ. ಜೊತೆಗೆ ತುಕ್ಕು. ಹಳೇ ತುಕ್ಕು ಕಂದುಗಪ್ಪು, ಗಟ್ಟಿ, ನುಣುಪು. ಯೋಕಾನ್ ಅಂತ ಕೆಂಪು ಅಜುಕಿ ಕಾಳಿನಿಂದ ಮಾಡುವ, ಹಲ್ವಾದಂಥ ಒಂದು ಸಿಹಿ ಅಲ್ಲಿದೆ, ತುಕ್ಕಿನ ಬಣ್ಣಕ್ಕೆ ಜಪಾನಿಗಳು ಅದರ ಹೆಸರನ್ನೇ ಹೇಳುತ್ತಾರೆ. ಆಸಿಡ್ಡೋ ಉಪ್ಪುನೀರೋ ಹಾಕಿ ಬರಿಸಿದ ತುಕ್ಕು ಕೆಂಪಗಿರುತ್ತದೆ, ಉಜ್ಜಿದರೆ ಬೆರಳಿಗೆ ಪುಡಿ ಹತ್ತುತ್ತದೆ. ಕೆತ್ತಿದ ಅಕ್ಷರದ ಒಳಗಿನ ತುಕ್ಕಿಗೂ ಹೊರಗಿನ ತುಕ್ಕಿಗೂ ವಯಸ್ಸು ಒಂದೇ ಅನ್ನಿಸಬೇಕು. ಅನ್ನಿಸದಿದ್ದರೆ ಹೆಸರು ಆಮೇಲೆ ಬಂದದ್ದು.

ಕ್ಯೋಟೋದ ತೋಜಿ ದೇವಸ್ಥಾನದಲ್ಲಿ ಪ್ರತಿ ತಿಂಗಳು 21ಕ್ಕೆ ಸಂತೆ ಸೇರುತ್ತದೆ. ಹಳೇ ಕಿಮೊನೊ, ಪಿಂಗಾಣಿ, ಗಿಡ, ಉಪ್ಪಿನಕಾಯಿ, ಜನವೋ ಜನ. ಒಂದು ಕಡೆ ಕತ್ತಿಗಳ ಸಾಲು ಕಂಡಿತು. ಅಲಗಿನ ಉದ್ದಕ್ಕೂ ಬಿಳಿ ಅಲೆ ದೂರಕ್ಕೇ ಎದ್ದು ಕಾಣುತ್ತಿತ್ತು. ವ್ಯಾಪಾರಿಯನ್ನು ಕೇಳಿ ಜೇಬಿನಲ್ಲಿದ್ದ ಫ್ರಿಜ್ ಮ್ಯಾಗ್ನೆಟ್ ಹಿಡಿದೆ. ಅಂಟಲಿಲ್ಲ. ಅದು ಇಯಾಯ್ತೊ, ಅಭ್ಯಾಸಕ್ಕೆ ಅಂತ ಸತು ಮಿಶ್ರಲೋಹದಲ್ಲಿ ಎರಕ ಹೊಯ್ದ ಬಾಯಿಲ್ಲದ ಕತ್ತಿ. ವ್ಯಾಪಾರಿ ಸುಳ್ಳು ಹೇಳಿರಲಿಲ್ಲ, ಚೀಟಿಯಲ್ಲಿ ಸ್ಪಷ್ಟವಾಗಿ ಬರೆದಿದ್ದ. ಆದರೆ ಚೀಟಿ ಕಳೆದುಹೋಗಿ ಕತ್ತಿ ಮೂರನೇ ಕೈಗೆ ಹೋದಾಗ ಅದೇ "ತಾತನ ಕಾಲದ ಸಮುರಾಯ್ ಕತ್ತಿ" ಆಗಿಬಿಡುತ್ತದೆ.

ಉಕ್ಕಿನ ನಕಲಿ ಜಪಾನಿನ ಸಂತೆಗಳಲ್ಲಿ ಸಿಗುವುದು ಅಪರೂಪ. ಹೊರದೇಶದಲ್ಲಿ ಮಾಡಿದ ಹರಿತ ಕತ್ತಿಗೆ ಅಲ್ಲಿ ನೋಂದಣಿಯೇ ಆಗುವುದಿಲ್ಲ, ನೋಂದಣಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. ಹಾಗಾಗಿ ಆ ಮಾಲೆಲ್ಲ ಹೊರಗಿನವರಿಗೇ.

ಒಕಾಯಾಮಾದಿಂದ ಅಕೊ ಲೈನಿನ ಲೋಕಲ್ ರೈಲಿನಲ್ಲಿ ಒಸಫುನೆಗೆ ಹೋದೆವು. ಸ್ಟೇಷನ್ ಚಿಕ್ಕದು. ಗದ್ದೆ, ಹಂಚಿನ ಮನೆ, ಆಚೆ ಯೋಶಿಯಿ ನದಿ. ಹಳೇ ಬಿಜೆನ್ ಸೀಮೆ ಇದು. ಬೆಟ್ಟದ ಕಡೆಯಿಂದ ಕಬ್ಬಿಣದ ಮರಳು, ಇದ್ದಿಲು, ಸಾಗಿಸಲು ನದಿ, ಎಲ್ಲ ಇದ್ದದ್ದರಿಂದ ಇಲ್ಲಿ ಕಮ್ಮಾರರ ಮನೆತನಗಳೇ ಬೆಳೆದವು. ಜಪಾನ್ ರಾಷ್ಟ್ರನಿಧಿ ಅಂತ ಘೋಷಿಸಿದ ಕತ್ತಿಗಳಲ್ಲಿ ಅರ್ಧದ ಹತ್ತಿರ ಬಿಜೆನ್ನಿನವು. 16ನೇ ಶತಮಾನದ ಕೊನೆಗೆ ನದಿ ಉಕ್ಕಿ ಒಸಫುನೆಯನ್ನು ಕೊಚ್ಚಿಕೊಂಡು ಹೋಯಿತು. ಇಲ್ಲಿ ಈಗಿರುವ ಕತ್ತಿ ಮ್ಯೂಸಿಯಂ ಸೆತೊಉಚಿ ನಗರಸಭೆಯದು. ಹಳೇ ಕಾಲದ ಸೇನಾನಾಯಕ ಉಎಸುಗಿ ಕೆನ್‌ಶಿನ್ ಹತ್ತಿರ ಇದ್ದ ಸಾಂಚೋಮೋ ಎಂಬ ಕತ್ತಿಯನ್ನು ಇದೇ ನಗರಸಭೆ ಜನರಿಂದ ಹಣ ಸೇರಿಸಿ 2020ರಲ್ಲಿ 50 ಕೋಟಿ ಯೆನ್‌ಗೆ ಕೊಂಡಿತು. ನಾವು ಹೋದ ದಿನ ಅದು ಪ್ರದರ್ಶನಕ್ಕಿರಲಿಲ್ಲ.

ಬೇಜಾರಾಗಲಿಲ್ಲ. ಯಾಕಂದರೆ ಪಕ್ಕದ ಕಾರ್ಯಾಗಾರದಲ್ಲಿ ಸಾಣೆ ಹಿಡಿಯುವವರು ಕೂತಿದ್ದರು. ಹೆಬ್ಬೆರಳಿನ ಕೆಳಗೆ ತೆಳ್ಳನೆಯ ಕಲ್ಲಿನ ಚೂರು ಇಟ್ಟುಕೊಂಡು ಅಲಗಿನ ಬಾಯಿಯ ಕಡೆ ಮಾತ್ರ ಉಜ್ಜುತ್ತಿದ್ದರು. ಉಜ್ಜಿದ ಜಾಗ ಬೆಳ್ಳಗಾಗುತ್ತಿತ್ತು. ಆಮೇಲೆ ಅಲಗಿನ ತುದಿಯನ್ನು ಬಲ್ಬಿನ ಕಡೆ ತಿರುಗಿಸಿ, ಬುಡದಿಂದ ನೋಡಿ ಅಂದರು. ಸ್ವಲ್ಪ ವಾಲಿಸಿದಾಗ ಆ ಬಿಳುಪು ಮಾಯವಾಯಿತು. ಅದರೊಳಗೆ ಇನ್ನೊಂದು ಗೆರೆ ಬೆಳಗಿತು. ಮಂಜಿನ ಪಟ್ಟಿ, ಅದರಲ್ಲಿ ಅಲ್ಲಲ್ಲಿ ಹೊಳೆಯುವ ಸಣ್ಣ ಕಾಳು. ಅದೇ ನಿಜವಾದ ಹಾಮೊನ್, ಅಲಗಿನ ಅಲೆಗೆರೆ. ಬೆನ್ನಿಗೆ ದಪ್ಪವಾಗಿ, ಬಾಯಿಗೆ ತೆಳ್ಳಗೆ ಮಣ್ಣು ಮೆತ್ತಿ, ಕಾಯಿಸಿ ನೀರಿಗೆ ಅದ್ದಿದಾಗ ಬಾಯಿಯ ಉಕ್ಕು ಬೇಗ ಆರಿ ಗಟ್ಟಿಯಾಗುತ್ತದೆ. ಆ ಗಟ್ಟಿ ಉಕ್ಕು ಮೆದು ಉಕ್ಕಿಗೆ ಸೇರುವ ಗಡಿ ಅದು. ಉಕ್ಕಿನ ಒಳಗೇ ಇರುವುದರಿಂದ ಬೆಳಕು ಬದಲಾದಂತೆ ಬದಲಾಗುತ್ತದೆ.

ಆಸಿಡ್ಡಿನಿಂದ ಬರೆದ ಅಥವಾ ವೈರ್ ಬ್ರಷ್ಷಿನಿಂದ ಗೀಚಿದ ಗೆರೆಗೆ ಈ ಆಳ ಇರುವುದಿಲ್ಲ. ಯಾವ ಕಡೆಯಿಂದ ನೋಡಿದರೂ ಅದೇ ಸಪ್ಪೆ ಬಿಳುಪು. ತುದಿ ಶುರುವಾಗುವ ಕಡೆ ಬರುವ ಅಡ್ಡಗೆರೆಯೂ ಹಾಗೇ. ಅಸಲಿಯಲ್ಲಿ ಎರಡು ಮುಖ ಸೇರಿ ಏಣು ಆಗಿರುತ್ತದೆ, ಅಗ್ಗದ ನಕಲಿಯಲ್ಲಿ ಸುಮ್ನೆ ಉಜ್ಜಿ ಬರಿಸಿರುತ್ತಾರೆ. ಮಡಿಚಿ ಬಡಿದ ಉಕ್ಕಿನ ಎಳೆಯನ್ನಂತೂ ನಕಲಿಯವರು ಕಣ್ಣಿಗೆ ಹೊಡೆಯುವ ಹಾಗೆ ಜಾಸ್ತಿ ಮಾಡಿಬಿಡುತ್ತಾರೆ. ಅಸಲಿಯಲ್ಲಿ ಅದನ್ನು ಹುಡುಕಬೇಕು.

ಇದಿಷ್ಟು ಹೊಸ ನಕಲಿಯ ಮಾತು. ಹಳೇ ನಕಲಿ ಇನ್ನೂ ಜಾಣತನದ್ದು. ಕತ್ತಿ ನಿಜಕ್ಕೂ ಮುನ್ನೂರು ವರ್ಷದ್ದೇ, ಹೆಸರು ಮಾತ್ರ ಸುಳ್ಳು. ಅದಕ್ಕೆ ಗಿಮೆಯ್ ಅನ್ನುತ್ತಾರೆ. ಎದೋ ಕಾಲದ (17ನೇ ಶತಮಾನ) ಕೊತೆತ್ಸು ಎಂಬ ಕಮ್ಮಾರನ ಹೆಸರು ಕಂಡರೆ ಮೊದಲು ಅನುಮಾನಪಡು ಅಂತಲೇ ಕಲಿಸುತ್ತಾರೆ. ಒಸಫುನೆಯದೇ ಸುಕೆಸಾದಾ ಹೆಸರಿನ ಕಥೆ ಬೇರೆ. ಆ ಹೆಸರನ್ನು ಹತ್ತಾರು ಕಮ್ಮಾರರು ಇಟ್ಟುಕೊಂಡಿದ್ದರು. ಯುದ್ಧದ ಕಾಲದಲ್ಲಿ ರಾಶಿಗಟ್ಟಲೆ ಮಾಡಿದ ಕತ್ತಿಗೆ ಚುಟುಕಾಗಿ "ಬಿಶೂ ಒಸಫುನೆ ಸುಕೆಸಾದಾ" (ಬಿಶೂ ಅಂದರೆ ಬಿಜೆನ್ನೇ) ಅಂತ ಕೆತ್ತಿದರೆ, ಬೇಡಿಕೆ ಕೊಟ್ಟು ಮಾಡಿಸಿದ್ದಕ್ಕೆ ಸೀಮೆ, ಊರು, ಕಮ್ಮಾರನ ಸ್ವಂತ ಹೆಸರು ಎಲ್ಲ ಉದ್ದಕ್ಕೆ ಕೆತ್ತುತ್ತಿದ್ದರು. ಎರಡೂ ಅಸಲಿಯೇ, ಬೆಲೆಯಲ್ಲಿ ಮಾತ್ರ ಅಜಗಜಾಂತರ.

ಒಕಾಯಾಮಾಗೆ ವಾಪಸ್ ಬಂದು ಒಂದು ಕತ್ತಿ ಅಂಗಡಿಗೆ ಹೋದೆವು. ಯಜಮಾನರಿಗೆ ಎಪ್ಪತ್ತು ದಾಟಿರಬೇಕು. ಒಂದು ಗಿಡ್ಡ ಕತ್ತಿ ತಂದು, ಅದಕ್ಕೆ ತಲೆಬಾಗಿ, ಅಲಗಿನ ಬಾಯಿ ಮೇಲೆ ಮಾಡಿ ಮೆಲ್ಲಗೆ ಒರೆಯಿಂದ ಎಳೆದರು. ಅಲಗಿನ ಮೇಲೆ ಮಾತಾಡಬೇಡಿ ಅಂತ ಸನ್ನೆ ಮಾಡಿದರು. ಎಂಜಲು ಸಿಡಿದರೆ ತುಕ್ಕು. ಚಿಕ್ಕ ಸುತ್ತಿಗೆಯಿಂದ ಬಿದಿರಿನ ಬೆಣೆ ತಟ್ಟಿ ತೆಗೆದರು. ಎಡಗೈಯಲ್ಲಿ ಹಿಡಿಯನ್ನು ನೇರ ಹಿಡಿದು, ಬಲಮುಷ್ಟಿಯಿಂದ ತಮ್ಮ ಎಡ ಮಣಿಕಟ್ಟಿನ ಮೇಲೆ ಒಂದು ಗುದ್ದು. ಅಲಗು ಟಕ್ಕನೆ ಸಡಿಲವಾಗಿ ಮೇಲೆ ಬಂತು. ಆಮೇಲೆ ನೋಂದಣಿ ಚೀಟಿ ತೆಗೆದರು. ಉದ್ದ, ಬಾಗು, ತೂತಿನ ಲೆಕ್ಕ, ಕೆತ್ತಿದ ಹೆಸರು, ಒಂದೊಂದನ್ನೂ ಕತ್ತಿಯ ಜೊತೆ ಹೊಂದಿಸಿ ತೋರಿಸಿದರು. "ಈ ಚೀಟಿ ಇದ್ದರೆ ಕತ್ತಿ ಇಟ್ಟುಕೊಳ್ಳಬಹುದು, ಅಷ್ಟೇ. ಹೆಸರು ನಿಜ ಅಂತ ಇದು ಹೇಳಲ್ಲ," ಅಂದರು. ಅದಕ್ಕೆ ರ್ಯೋಗೊಕುವಿನ ಆ ಮ್ಯೂಸಿಯಂ ನಡೆಸುವ ಸಂಘದ ಪ್ರಮಾಣಪತ್ರ ಬೇರೆ ಬೇಕು. ಅಂಗಡಿಗಳಲ್ಲಿ ಈ ಎರಡನ್ನೂ ಒಂದೇ ಅಂದುಕೊಂಡು ದುಡ್ಡು ಸುರಿಯುವವರು ಬಹಳ.

ಭಾವ ಆಗ ಮೊಬೈಲ್ ತೆಗೆದರು. ವಿರಾಜಪೇಟೆಯ ಅವರ ಗೆಳೆಯರ ಮನೆಯಲ್ಲಿ ಒಂದು ಜಪಾನಿ ಕತ್ತಿ ಇದೆ, ಅವರಜ್ಜ ಸೈನ್ಯದಲ್ಲಿದ್ದವರು. ನಂಬದಿರಲು ಕಾರಣವಿಲ್ಲ. ಬರ್ಮಾದಲ್ಲಿ, ಮಲಯಾದಲ್ಲಿ ಶರಣಾದ ಜಪಾನಿ ಅಧಿಕಾರಿಗಳ ಕತ್ತಿ ಎಷ್ಟೋ ಭಾರತೀಯ ಯೋಧರ ಕೈಸೇರಿದವು. 1946ರಲ್ಲಿ ಕೊಡಗಿನ ಕೆ.ಎಸ್. ತಿಮ್ಮಯ್ಯನವರೇ 268ನೇ ಭಾರತೀಯ ಬ್ರಿಗೇಡಿನ ಮುಖ್ಯಸ್ಥರಾಗಿ ಜಪಾನಿಗೆ ಬಂದಿದ್ದರು.

ಯಜಮಾನರು ಅಲಗಿನ ಫೋಟೊ ನೋಡಲೇ ಇಲ್ಲ. ಮಿಲಿಟರಿ ಹಿಡಿಯೊಳಗೆ ಕೆಲವರು ಮನೆತನದ ಹಳೇ ಅಲಗು ಹಾಕಿಸಿಕೊಂಡಿರುತ್ತಿದ್ದರು, ಜಾಸ್ತಿ ಜನರದ್ದು ಕಾರ್ಖಾನೆಯ ಅಲಗು. ಬಿಚ್ಚದೆ ಗೊತ್ತಾಗಲ್ಲ, ನಕಾಗೊ ಫೋಟೊ ತರಿಸಿ ಅಂದರು. ಭಾವ ಅಲ್ಲಿಂದಲೇ ಮೆಸೇಜ್ ಹಾಕಿದರು. ನಾವು ಇನ್ನೂ ಟೀ ಕುಡಿಯುತ್ತಿರುವಾಗಲೇ ಫೋಟೊ ಬಂತು, ಜೊತೆಗೆ ವಿವರಣೆ: "ಕೈಲ್‌ಪೊಳ್ದ್‌ಗೆ ಆಯುಧಪೂಜೆ ಮಾಡೋವಾಗ ಬಿಚ್ಚಿ ತುಕ್ಕೆಲ್ಲ ಉಜ್ಜಿ ತೆಗೆದಿದ್ವಿ, ನೋಡಿ ಹೇಗೆ ಹೊಳೀತಿದೆ!"

ಯಜಮಾನರು ಕಣ್ಣು ಮುಚ್ಚಿಕೊಂಡರು. ಆಮೇಲೆ ಫೋಟೊ ದೊಡ್ಡದು ಮಾಡಿ ನೋಡಿ ನಕ್ಕುಬಿಟ್ಟರು. ಹೆಸರಿನ ಮೇಲೆ ಪುಟ್ಟದಾಗಿ ಸೆಕಿ ಊರಿನ ಮುದ್ರೆ ಇತ್ತು. "ಯುದ್ಧಕಾಲದ ಕಾರ್ಖಾನೆ ಕತ್ತಿ. ಅಸಲಿ ಮಿಲಿಟರಿಯದೇ, ಆದರೆ ಹಳೇದಲ್ಲ. ಇದು ಬಿಜೆನ್ನಿನದಾಗಿದ್ದಿದ್ದರೆ ನಾನು ಈಗ ಅಳಬೇಕಿತ್ತು," ಅಂದು ಇನ್ನೊಂದು ಲೋಟ ಟೀ ಬಗ್ಗಿಸಿದರು.